ಅವಳ ಬೆನ್ನ ಹಿಂದೆ ಹತ್ತು ಅಡಿ

ಮುರಿದದ್ದು ಎಡ ಹೆಗಲ ಮೂಳೆ. ಬಲದ್ದಲ್ಲ. ಮುದುಕನಿಗೆ ಮರೆವು, ಹೋದ ಸಲ ಬಲ ಅಂದಿದ್ದ, ಈ ಸಲ ಎಡ ಅನ್ನುತ್ತಾನೆ ಎಂದು ಈ ಫೋನಿನ ಗುಂಪಿನಲ್ಲಿ ಹಲ್ಲು ಕಿಸಿಯುವವರೇ, ಸ್ವಲ್ಪ ಬಾಯಿ ಮುಚ್ಚಿ ಕೇಳಿ. ನಿನ್ನೆ ತೊಟ್ಟ ಅಂಗಿ ಯಾವುದೆಂದು ನಿಮಗೆ ನೆನಪಿರುವುದಿಲ್ಲ; ನನಗೆ ಆ ಮೂಳೆ ಮುರಿದ ಸದ್ದು ಕೂಡ ನೆನಪಿದೆ. ಒಣ ಕಡ್ಡಿಯ ಸದ್ದಲ್ಲ, ಹಸಿ ಕಡ್ಡಿಯದು. ಮಧ್ಯೆ ಮಧ್ಯೆ ಅನುಮಾನ ಬಂದರೆ ನಿಮ್ಮಲ್ಲೇ ಇಟ್ಟುಕೊಳ್ಳಿ.

ಕಾರು ರಿಪೇರಿಯ ದೊಡ್ಡ ಶೆಡ್ಡು ಅದು. ಮುಂದೆ ಎಂಜಿನ್ನಿನವರು, ನಡುವೆ ತಗಡು ಬಡಿಯುವವರು, ಹಿಂದಿನ ಮೂಲೆಯಲ್ಲಿ ಸೀಟು ಹೊಲಿಯುವ ಹೆಂಗಸು. ಅವಳನ್ನು ಎಲ್ಲರೂ ಸೂಜಿ ಎನ್ನುತ್ತಿದ್ದರು. ಹೊಲಿಯುತ್ತಾಳೆ ಎಂದು ಅರ್ಧ, ಚುಚ್ಚುತ್ತಾಳೆ ಎಂದು ಅರ್ಧ.

ಹೆಗಲು ಮುರಿಸಿಕೊಂಡವನು ತಗಡು ಬಡಿಯುವ ಕೆಲಸಕ್ಕೆ ಸೇರಿ ಎರಡೇ ದಿನ ಆಗಿತ್ತು. ಅವನ ಕೈಯಲ್ಲಿದ್ದದ್ದೇ ಅವನ ಹೆಸರಾಯಿತು... ಸುತ್ತಿಗೆ. ಆ ಮಧ್ಯಾಹ್ನ ಶೆಡ್ಡು ಪೂರ್ತಿ ಬಡಿತದ ಸದ್ದು. ಕೂಗಿದರೆ ಕೇಳಿಸುವುದಿಲ್ಲ ಎಂದು ಅವನು ಅವಳ ಹಿಂದೆ ಹೋಗಿ, ಎರಡು ಬೆರಳಿನಿಂದ ಭುಜ ತಟ್ಟಿದ.

ಅಷ್ಟೇ.

ಅವಳು ತಿರುಗಿದಳೋ ಕೊಡತಿ ಮೊದಲು ತಿರುಗಿತೋ ಹೇಳುವುದು ಕಷ್ಟ. ಸೀಟಿನ ಚೌಕಟ್ಟಿಗೆ ಮೊಳೆ ಬಡಿಯುವ ಮರದ ಕೊಡತಿ. ಮೊದಲ ಏಟಿಗೆ ಹೆಗಲು ಹೋಯಿತು. ಎರಡನೆಯದು ಕಿವಿಯ ಮೇಲೆ ಬಿದ್ದು ಹೊಸ ರೆಕ್ಸಿನ್ ಮೇಲೆಲ್ಲ ರಕ್ತ ಚಿಮ್ಮಿತು. ಮೂರನೆಯದಕ್ಕೆ ಕೈ ಎತ್ತಿದ್ದಳು. ಅವಳ ಕಣ್ಣಿಗೆ ಅವನು ಕಾಣುತ್ತಲೇ ಇರಲಿಲ್ಲ.

ನೆಲದ ಮೇಲೆ ಬಿದ್ದವನು ಬಾಯಿಗೆ ಇಳಿದ ರಕ್ತ ಉಗಿದು ಹೇಳಿದ:

"ಅಕ್ಕಾ... ಆ ಹಿಂದಿನ ಸೀಟು ಆಗಿದ್ರೆ ಕೊಡಿ ಅಂತ ಕೇಳೋಕೆ ಬಂದಿದ್ದೆ. ಆಗಿಲ್ದಿದ್ರೆ ನಾಳೆ ಬರ್ತೀನಿ."

ಅವನು ಅವಳನ್ನು ಅಕ್ಕ ಎಂದದ್ದು ಅದೇ ಮೊದಲು, ಅದೇ ಕೊನೆ.

ಕೊಡತಿ ಕೈಯಿಂದ ಜಾರಿತು. ಅವಳು ಗೋಡೆಗೆ ಬೆನ್ನು ಒತ್ತಿ ಕುಸಿದು ಕೂತಳು. ಅಯ್ಯೋ, ಇವನು ಯಾರು... ನಾನು ಯಾರನ್ನು ಹೊಡೆದೆ...

ಶೆಡ್ಡಿನ ಯಜಮಾನಿ ದಪ್ಪ ದನಿಯ ಹೆಂಗಸು. ಮುಂಚೆಯೇ ಒಬ್ಬ ಪೇಂಟರನ ಮುಂಗೈ, ಒಬ್ಬ ಗಿರಾಕಿಯ ಮೂಗು, ಯಜಮಾನಿಯದೇ ಕನ್ನಡಕ, ಎಲ್ಲ ಸೂಜಿಯ ಕೈಗೆ ಬಲಿಯಾಗಿದ್ದವು. ಕೆಲಸದಿಂದ ತೆಗೆಯುತ್ತಾಳೆ ಎಂದೇ ಎಲ್ಲರೂ ಕಾದರು. ಅವಳು ತೆಗೆಯಲಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಒಬ್ಬ ಥೆರಪಿಸ್ಟ್ ಇದ್ದಾಳೆ, ಸಿಬಿಟಿ ಎನ್ನುವ ಮಾತಿನ ಚಿಕಿತ್ಸೆ ಕೊಡುತ್ತಾಳೆ, ಹೋಗು, ಇಲ್ಲದಿದ್ದರೆ ಈ ಬಾಗಿಲೊಳಗೆ ಕಾಲಿಡಬೇಡ ಎಂದಳು. ಹುಚ್ಚರ ಡಾಕ್ಟರಾ ಎಂದು ಸೂಜಿ ಸಿಡುಕಿದ್ದಕ್ಕೆ ಸಿಕ್ಕ ಉತ್ತರ ಇದು: ಯಜಮಾನಿ ಆರು ವರ್ಷ ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತಿ ಮಂಡಿ ಸವೆಸಿಕೊಂಡವಳು, ಅಲ್ಲಿ ಹೋಗಿ ಬಂದ ಮೇಲೆ ಈಗ ಲಿಫ್ಟಿನಲ್ಲಿ ನಿಂತು ಬಾಳೆಹಣ್ಣು ತಿನ್ನುತ್ತಾಳೆ.

ಥೆರಪಿಸ್ಟ್ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು, ಒಂದು ಪೆನ್ಸಿಲ್. ಸೂಜಿ ಕುರ್ಚಿಯನ್ನು ಎಳೆದುಕೊಂಡು ಗೋಡೆಗೆ ಬೆನ್ನು ತಾಗಿಸಿ ಕೂತಳು. ಆ ಹೆಂಗಸು ಅದನ್ನು ನೋಡಿ ತನ್ನ ಕುರ್ಚಿಯನ್ನೂ ಅವಳ ಎದುರಿಗೆ ಎಳೆದುಕೊಂಡಳು.

ಮೂರು ವಾರ ಹಿಡಿಯಿತು ಮಾತು ಹೊರಗೆ ಬರಲು.

ಅಪ್ಪ ಹೋದ ಮೇಲೆ ಮನೆಗೆ ಅಣ್ಣನೇ ದೊಡ್ಡವನು. ಬೆಲ್ಟಿನ ಕೊಕ್ಕೆಯಿಂದ ಹೊಡೆಯುತ್ತಿದ್ದ, ಇಸ್ತ್ರಿಪೆಟ್ಟಿಗೆಯ ವೈರಿನಿಂದ ಹೊಡೆಯುತ್ತಿದ್ದ, ಒಮ್ಮೆ ಬಾಗಿಲ ಸಂದಿಗೆ ಕೈ ಇಟ್ಟು ಬಾಗಿಲು ಒದ್ದಿದ್ದ. ಹೊಡೆಯುತ್ತಿದ್ದದ್ದು ಯಾವಾಗಲೂ ಹಿಂದಿನಿಂದ. ಅವಳು ಪಾತ್ರೆ ತೊಳೆಯುವಾಗ, ತಲೆ ಬಾಚುವಾಗ. ಬೈಯುವವನೇ ಅಲ್ಲ. ಹೊಡೆಯುವ ಮುಂಚೆ ಸುಮ್ಮನಾಗಿಬಿಡುತ್ತಿದ್ದ. ಮನೆಯಲ್ಲಿ ಸದ್ದು ನಿಂತಿತೆಂದರೆ ಏಟು ಹೊರಟಿದೆ ಎಂದರ್ಥ. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ದಿನ ಆ ಮೌನ ಕೇಳಿಸಿದ ತಕ್ಷಣ ಅವಳು ಬಾಣಲೆ ಹಿಡಿದು ಮೊದಲು ತಿರುಗಿದಳು. ಅಣ್ಣನ ನಾಲ್ಕು ಹಲ್ಲು ಸಿಂಕಿನೊಳಗೆ ಬಿದ್ದವು. ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟಳು.

ಅಂದಿನಿಂದ ಅವಳ ಮೈಗೆ ಗೊತ್ತಿದ್ದದ್ದು ಒಂದೇ ಪಾಠ: ಹಿಂದೆ ಬಂದವನು ಹೊಡೆಯುತ್ತಾನೆ, ಮೊದಲು ತಿರುಗು.

ಥೆರಪಿಸ್ಟ್ ಆ ಸಾಲನ್ನು ಒಂದು ಹಾಳೆಯ ಮೇಲೆ ಬರೆಸಿದಳು. ಎಡಗಡೆ ನಡೆದದ್ದು, ಅದರ ಪಕ್ಕ ಆಗ ತಲೆಗೆ ಬಂದ ಯೋಚನೆ, ಅದನ್ನು ನೂರಕ್ಕೆ ಎಷ್ಟು ನಂಬುತ್ತೀ ಎಂಬ ಅಂಕಿ. ಬಲಗಡೆ ಅದಕ್ಕೆ ವಿರುದ್ಧವಾದ ಸಾಕ್ಷಿಗಳು, ಆಮೇಲೆ ಮತ್ತೆ ಅಂಕಿ.

ಒಳ್ಳೆಯದನ್ನೇ ಯೋಚಿಸು ಅಂತ ತಾನೇ ನೀವು ಹೇಳುವುದು, ಅದಕ್ಕೆ ಇಷ್ಟೆಲ್ಲ ಗೆರೆ ಯಾಕೆ ಎಂದು ಸೂಜಿ ಹಂಗಿಸಿದಳು.

"ಒಳ್ಳೇದು ಬೇಡ, ನಿಜ ಸಾಕು," ಎಂದಳು ಆ ಹೆಂಗಸು. "ನಿಮ್ಮ ಅಣ್ಣನ ಮನೇಲಿ ಈ ಯೋಚನೆ ನಿಮ್ಮ ಜೀವ ಉಳಿಸಿದೆ. ಅದನ್ನ ಬೈಯೋಕೆ ಹೋಗಲ್ಲ. ಆದ್ರೆ ಅದು ಶೆಡ್ಡಿಗೂ ನಿಮ್ಮ ಜೊತೆ ಬಂದಿದೆ. ಅಲ್ಲಿ ಅದಕ್ಕೆ ಕೆಲಸ ಇದೆಯಾ ಅಂತ ಪರೀಕ್ಷೆ ಮಾಡಿ ನೋಡೋಣ."

ಪರೀಕ್ಷೆ ಎಂದರೆ ಹೀಗೆ. ಒಬ್ಬರು ಹತ್ತು ಅಡಿ ಹಿಂದೆ ನಿಲ್ಲಬೇಕು. ಅವಳು ತಿರುಗಬಾರದು. ಏನಾಗುತ್ತದೆ ಎಂದು ಮೊದಲೇ ಬರೆದಿಡಬೇಕು, ಏನಾಯಿತು ಎಂದು ಆಮೇಲೆ ಬರೆಯಬೇಕು. ಮೈ ಹೇಳಿದ್ದು ಸರಿಯಾಯಿತೋ ತಪ್ಪಾಯಿತೋ, ಕಣ್ಣೆದುರಿಗೇ ಇರುತ್ತದೆ.

ಆದರೆ ಯಾರು ನಿಲ್ಲುತ್ತಾರೆ? ಶೆಡ್ಡಿನಲ್ಲಿ ಎಲ್ಲರಿಗೂ ಒಂದೇ ಸಲ ತುರ್ತು ಕೆಲಸ ಬಂತು. ಕೈಯನ್ನು ಕತ್ತಿಗೆ ಕಟ್ಟಿದ ಪಟ್ಟಿಯಲ್ಲಿ ಇಳಿಬಿಟ್ಟಿದ್ದ ಸುತ್ತಿಗೆ ಎದ್ದು ನಿಂತ. ಮುರಿಯೋದು ಮುರಿದಾಗಿದೆ, ಹೊಸದಾಗಿ ಮುರಿಯೋಕೆ ಒಂದೇ ಹೆಗಲು ಉಳಿದಿರೋದು, ನಾನೇ ನಿಲ್ತೀನಿ ಎಂದ.

ಊಟದ ಹೊತ್ತಿಗೆ ಅರ್ಧ ಗಂಟೆ. ಹತ್ತು ಅಡಿ. ಅವಳು ಹೊಲಿಯುತ್ತಿದ್ದಳು, ಕತ್ತಿನ ನರ ಹಗ್ಗದಂತೆ ಎದ್ದಿರುತ್ತಿತ್ತು. ಅವನು ಅಲ್ಲಿಂದ ಮಾತಾಡುತ್ತಲೇ ಇರುತ್ತಿದ್ದ. ತಗಡು ತಗ್ಗಾದರೆ ಹೊರಗಿನಿಂದ ಬಡಿಯಬಾರದು, ಒಳಗಿನಿಂದ ಮೆಲ್ಲಗೆ ಬಡಿದು ಎಬ್ಬಿಸಬೇಕು. ಒಬ್ಬ ಗಿರಾಕಿ ಗೇಟಿಗೆ ಗುದ್ದಿ ಎಮ್ಮೆ ಗುದ್ದಿತು ಎಂದು ಸುಳ್ಳು ಹೇಳಿದ್ದು. ತನ್ನ ಚಿಕ್ಕಮ್ಮ ಮಾತು ನಿಲ್ಲಿಸುವುದು ಹಲ್ಲುಜ್ಜುವಾಗ ಮಾತ್ರ. ಕಥೆ ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಮುಗಿಸುವ ಮುಂಚೆ ತಾನೇ ನಕ್ಕುಬಿಡುತ್ತಿದ್ದ.

ಎಂಟು ಅಡಿ. ಆರು. ನಾಲ್ಕು.

ಒಂದು ದಿನ ಅವನು ಜ್ವರ ಬಂದು ರಜೆ ಹಾಕಿದ. ಅವಳ ಹೊಲಿಗೆ ಅಂದು ಮೂರು ಸಲ ಸೊಟ್ಟಗಾಯಿತು. ನನಗೇನಾಗಿದೆ... ಹಿಂದೆ ಯಾರೂ ಇಲ್ಲದಿದ್ದರೆ ನೆಮ್ಮದಿ ಇರಬೇಕಲ್ಲವೇ...

ಹನ್ನೊಂದನೇ ವಾರಕ್ಕೆ ಎರಡು ಅಡಿಗೆ ಬಂದರು. ಆ ದಿನವೇ ಎಲ್ಲ ಹಾಳಾಯಿತು.

ಅವನು ಆ ದಿನ ತನ್ನ ಮನಸ್ಸು ಹೇಳಿಬಿಡಬೇಕೆಂದು ಬಂದಿದ್ದ. ಬೆಳಗಿನಿಂದ ಮಾತು ಜೋಡಿಸಿಕೊಂಡಿದ್ದ. ಹಿಂದೆ ನಿಂತ ಕೂಡಲೇ ಅದೆಲ್ಲ ಮರೆತುಹೋಯಿತು. ಬಾಯಿ ತೆರೆದ, ಮುಚ್ಚಿದ. ಊಟದ ಹೊತ್ತಾದ್ದರಿಂದ ಶೆಡ್ಡಿನಲ್ಲೂ ಸದ್ದಿರಲಿಲ್ಲ.

ಅವಳಿಗೆ ಕೇಳಿಸಿದ್ದು ಮೌನ. ಅಣ್ಣನ ಮೌನ.

ಕತ್ತರಿ ಕೈಯಲ್ಲೇ ಇತ್ತು. ರೆಕ್ಸಿನ್ ಕತ್ತರಿಸುವ ಒಂದಡಿ ಉದ್ದದ ಕತ್ತರಿ. ಅವನು ಮುಖಕ್ಕೆ ಅಡ್ಡ ಹಿಡಿದ ಅಂಗೈ ಹೆಬ್ಬೆರಳ ಬುಡದಿಂದ ಕಿರುಬೆರಳವರೆಗೆ ಬಾಯಿ ಬಿಟ್ಟಿತು. ಒಳಗಿನ ಬಿಳಿ ಕಾಣಿಸಿತು, ಮರುಕ್ಷಣ ರಕ್ತ ತುಂಬಿ ಏನೂ ಕಾಣಲಿಲ್ಲ. ಅವಳು ಕಿರುಚುತ್ತಾ ತನ್ನ ಕೈಯನ್ನೇ ಮೇಜಿನ ಅಂಚಿಗೆ ಚಚ್ಚಿಕೊಂಡಳು, ಯಜಮಾನಿ ಬಂದು ಹಿಡಿದುಕೊಳ್ಳುವವರೆಗೂ.

ಮೇಜಿನ ಮೇಲೆ ಅವನ ಬಗ್ಗೆ ಅವಳು ಬರೆದ ಹಾಳೆ ಇತ್ತು, ನಡುವಿಗೆ ಮಡಿಸಿದ್ದು. ರಕ್ತದ ಕೈ ಊರಿ ಎದ್ದು ನಿಲ್ಲುವಾಗ ಸುತ್ತಿಗೆಯ ಕಣ್ಣಿಗೆ ಬಿದ್ದದ್ದು ಎಡ ಅರ್ಧ ಮಾತ್ರ: ಇವನೂ ಒಂದು ದಿನ ನನ್ನನ್ನು ಹೊಡೆದು ಸಾಯಿಸುತ್ತಾನೆ. ನೂರಕ್ಕೆ ತೊಂಬತ್ತು.

ಹಾಳೆಗೆ ಇನ್ನೊಂದು ಅರ್ಧ ಇದೆ ಎಂದು ಅವನಿಗೇನು ಗೊತ್ತು? ಹನ್ನೊಂದು ವಾರ ನಿಂತೆ, ಇವಳ ಕಣ್ಣಿಗೆ ನಾನು ಇಷ್ಟೇ ಎಂದುಕೊಂಡ. ಅಂಗೈಗೆ ಹದಿನಾಲ್ಕು ಹೊಲಿಗೆ ಹಾಕಿಸಿಕೊಂಡು, ಊರಿನ ಇನ್ನೊಂದು ತುದಿಯ ಲಾರಿ ಶೆಡ್ಡಿಗೆ ಸೇರಿಕೊಂಡ. ಯಾರಿಗೂ ಏನೂ ಹೇಳಲಿಲ್ಲ.

ಇತ್ತ ಅವಳು ಇನ್ನೊಂದು ಹಾಳೆ ಬರೆದಳು: ಅವನಿಗೆ ನನ್ನನ್ನು ಕಂಡರೆ ಅಸಹ್ಯ. ನೂರಕ್ಕೆ ನೂರು.

ಅಸಹ್ಯ ಅಂತ ಅವನು ಹೇಳಿದನೇ ಎಂದು ಥೆರಪಿಸ್ಟ್ ಕೇಳಿದಳು. ಇಲ್ಲ. ಹಾಗಾದರೆ ಇದು ಗೊತ್ತಿರುವ ವಿಷಯವೋ, ಊಹೆಯೋ? ನೀವೇ ಫೋನ್ ಮಾಡಿ ಕೇಳಿ ಎಂದು ಸೂಜಿ ಗೋಗರೆದಳು. ಆ ಹೆಂಗಸು ಜಗ್ಗಲಿಲ್ಲ. ಊಹೆ ನಿಮ್ಮದು, ಪರೀಕ್ಷೆಯೂ ನಿಮ್ಮದೇ ಎಂದಳು.

ಆರು ವಾರ ಧೈರ್ಯ ಬರಲಿಲ್ಲ. ಒಂದು ಬೆಳಿಗ್ಗೆ ಹಳೆಯ ಹಾಳೆ ಕೈಗೆ ಸಿಕ್ಕಿತು. ಎಡ ಅರ್ಧದ ಮೇಲೆ ಒಣಗಿದ ರಕ್ತದ ಹೆಬ್ಬೆರಳ ಗುರುತು, ಸರಿಯಾಗಿ ಆ ಸಾಲಿನ ಪಕ್ಕ.

ಇದನ್ನು ಓದಿದ್ದಾನೆ... ಇಷ್ಟನ್ನೇ ಓದಿದ್ದಾನೆ...

ಅವನು ಲಾರಿ ಶೆಡ್ಡಿನಲ್ಲಿದ್ದಾನೆ ಎಂಬ ಸುದ್ದಿ ಗಿರಾಕಿಯೊಬ್ಬನಿಂದ ಆಗಲೇ ಬಂದಿತ್ತು. ಚೀಲದೊಳಗೆ ಹಾಳೆ ತುರುಕಿಕೊಂಡು ಹೊರಟಳು. ಕತ್ತರಿಯೂ ಅಲ್ಲೇ ಇತ್ತು. ಅದಿಲ್ಲದೆ ಹೊರಗೆ ಹೋಗುವ ಅಭ್ಯಾಸ ಅವಳಿಗಿರಲಿಲ್ಲ.

ಲಾರಿ ಶೆಡ್ಡಿನ ಬಡಿತದ ಮುಂದೆ ಇವರ ಶೆಡ್ಡು ಏನೇನೂ ಅಲ್ಲ. ಕಿವಿ ಹರಿಯುವ ಹಾಗಿತ್ತು. ಅವನು ಕಳಚಿಟ್ಟ ಬಾಗಿಲೊಂದನ್ನು ಬಡಿಯುತ್ತಿದ್ದ. ಮೊದಲಿನ ಹಾಗೆ ಒಳಗಿನಿಂದ ಮೆಲ್ಲಗಲ್ಲ, ಯಾರನ್ನೋ ಕೊಲ್ಲುವವನ ಹಾಗೆ. ಅವಳು ಕೂಗಿದಳು. ಕೇಳಿಸಲಿಲ್ಲ. ಹತ್ತಿರ ಹೋದಳು, ಮತ್ತೆ ಕೂಗಿದಳು. ಕೊನೆಗೆ, ಜಗತ್ತಿನಲ್ಲಿ ಯಾರೂ ಮಾಡದಿದ್ದರೂ ಅವಳೊಬ್ಬಳು ಮಾಡಬಾರದಿದ್ದ ಕೆಲಸ ಮಾಡಿದಳು. ಹಿಂದಿನಿಂದ ಭುಜ ತಟ್ಟಿದಳು.

ಅವನು ತಿರುಗುವ ಮುಂಚೆ ಸುತ್ತಿಗೆ ತಿರುಗಿತು.

ಗಾಳಿ ಅವಳ ಕಿವಿಗೆ ಬಡಿಯಿತು. ಸುತ್ತಿಗೆ ಅವಳ ತಲೆಯಿಂದ ಒಂದು ಗೇಣು ಆಚೆಗೆ ಹೋಗಿ ಲಾರಿಯ ಮೈಗೆ ಹೊಕ್ಕಿತು. ತಗಡು ಹರಿದು ಒಳಗೆ ಬಾಗಿತು. ಸಿಕ್ಕಿದ್ದರೆ ತಲೆ ಇರುತ್ತಿರಲಿಲ್ಲ.

ಅವಳ ಕೈ ಆಗಲೇ ಚೀಲದೊಳಗೆ ಕತ್ತರಿ ಹಿಡಿದಿತ್ತು. ನೋಡಿದೆಯಾ, ಹೊಡೆದ, ಇವನೂ ಹೊಡೆದ... ಮೈಯ ಒಂದೊಂದು ನರವೂ ಅದನ್ನೇ ಕೂಗುತ್ತಿತ್ತು. ಹಿಂದಿನ ಸೂಜಿಯಾಗಿದ್ದರೆ ಕತ್ತರಿ ಅವನ ಹೊಟ್ಟೆಯಲ್ಲಿರುತ್ತಿತ್ತು.

ಅವಳು ಅವನ ಮುಖ ನೋಡಿದಳು. ಬಿಳುಚಿದ ತುಟಿ, ಎದುರಿಗಿದ್ದವರನ್ನು ಕಾಣದ ಕಣ್ಣು. ಆ ಮುಖದ ಗುರುತು ಅವಳಿಗೆ ಚೆನ್ನಾಗಿತ್ತು. ಅಣ್ಣನದಲ್ಲ ಅದು. ಅವಳದೇ.

ಕೈ ಕತ್ತರಿಯನ್ನು ಬಿಟ್ಟು ಬರಿದಾಗಿ ಹೊರಗೆ ಬಂತು.

ಆಚೀಚೆಯವರು ಸಲಾಕೆ ಹಿಡಿದು ಓಡಿಬಂದು ಅವನನ್ನು ಕೆಡವಿ ನಾಲ್ಕು ಒದ್ದೂ ಆಗಿತ್ತು. ಅವಳು ನಡುವೆ ನುಗ್ಗಿದಳು. ತಪ್ಪು ನನ್ನದು, ಬಿಡಿ ಅವನನ್ನು ಎಂದು ಒಬ್ಬೊಬ್ಬರನ್ನೇ ತಳ್ಳಿ ಕಳಿಸಿದಳು.

ಅವನು ಲಾರಿಯ ಚಕ್ರಕ್ಕೆ ಒರಗಿ ಕೂತ.

"ಹಿಂದಿಂದ ಯಾರು ಬಂದ್ರೂ ಹಿಂಗೇ ಆಗ್ತಿದೆ," ಎಂದ. "ಮೊನ್ನೆ ಚಿಕ್ಕಮ್ಮ ಟೀ ತಂದ್ರೆ ಲೋಟ ಸಮೇತ ತಳ್ಬಿಟ್ಟೆ. ನಾನು ಇಂಥವನಾಗಿರ್ಲಿಲ್ಲ. ನೀನು ಬರ್ದಿದ್ದೇ ಸರಿ. ಒಂದಿನ ಸಾಯಿಸ್ತಿದ್ದೆ."

"ಅರ್ಧ ಓದಿದ್ದೀಯ," ಎಂದಳು ಅವಳು. ಹಾಳೆ ಬಿಡಿಸಿ ಬಲಗಡೆಯನ್ನು ಅವನ ಮುಂದೆ ಹಿಡಿದಳು.

ಸಣ್ಣ ಅಕ್ಷರ, ಅಂಚಿನವರೆಗೂ. ದಿನವೆಲ್ಲ ಸುತ್ತಿಗೆ ಹಿಡಿದಿರುತ್ತಾನೆ, ಒಬ್ಬರ ಮೇಲೂ ಎತ್ತಿಲ್ಲ. ಮೂಳೆ ಮುರಿದಾಗ ಸೀಟಿನ ವಿಷಯ ಕೇಳಿದ. ಅವನ ಕಥೆಗಳು ಚೆನ್ನಾಗಿಲ್ಲ, ಆದರೂ ಮುಗಿಯಬಾರದು ಅನಿಸುತ್ತದೆ. ಅವನು ಬರದ ದಿನ ಬೆನ್ನು ತಣ್ಣಗಿರುತ್ತದೆ. ಅದರ ಕೆಳಗೆ ಅಂಕಿ: ಇಪ್ಪತ್ತು.

ಅವನು ಎರಡು ಸಲ ಓದಿದ. ಹೊಲಿಗೆ ಬಿದ್ದ ಅಂಗೈಯಿಂದ ಮುಖ ಮುಚ್ಚಿಕೊಂಡು ಅತ್ತ.

"ನಿನ್ನ ಈ ಭಯ ನಾನು ಕೊಟ್ಟಿದ್ದು," ಎಂದಳು. "ನನ್ನ ಅಣ್ಣ ನನಗೆ ಕೊಟ್ಟ, ನಾನು ತಂದು ನಿನಗೆ ಕೊಟ್ಟೆ. ತಪ್ಪಾಯ್ತು ಅಂದ್ರೆ ಸಾಲಲ್ಲ ಅಂತ ಗೊತ್ತು. ನಂಗೆ ನೀನಂದ್ರೆ ಇಷ್ಟ. ಅದನ್ನ ಹೇಳೋಕೆ ಬಂದೆ."

ಬಹಳ ಹೊತ್ತು ಅವನು ಮಾತಾಡಲಿಲ್ಲ. ಆ ಮೌನ ಅಣ್ಣನದೇ ಎಂದು ಅವಳ ಮೈ ಹೇಳಿತು. ಆದರೂ ನಿಂತಲ್ಲೇ ನಿಂತಿದ್ದಳು.

"ಅವತ್ತು ನಾನೂ ಅದನ್ನೇ ಹೇಳೋಕೆ ನಿಂತಿದ್ದೆ," ಎಂದ ಕೊನೆಗೆ. "ಬಾಯೇ ಬರ್ಲಿಲ್ಲ. ಇವತ್ತೆಷ್ಟು, ನೂರಕ್ಕೆ?"

"ನೀನು ಬೀಸಿದಾಗ ನೂರು. ಈಗ ಮೂವತ್ತು."

"ಮೂವತ್ತು ಇದ್ರೂ ನನ್ ಜೊತೆ ಬರ್ತೀಯಾ?"

"ಮೂವತ್ತನ್ನೂ ಕರ್ಕೊಂಡೇ ಬರ್ತೀನಿ. ನಿನ್ ಭಯ ಎಷ್ಟು?"

ಅವನು ಯೋಚಿಸಿ ಹೇಳಿದ. "ಎಂಬತ್ತು."

"ಹಂಗಾದ್ರೆ ನಾಳೆ ಹತ್ತು ಗಂಟೆಗೆ ಆಸ್ಪತ್ರೆ ಹತ್ರ ಬಾ. ನಿನ್ನ ಪಕ್ಕದಲ್ಲೇ ನಡೀತೀನಿ, ಕಾಣೋ ಹಾಗೆ."

ಅವನು ಕೈ ಚಾಚಿದ. ಅವಳು ಮೊದಲು ಅಂಗೈಯ ಗಾಯದ ಉದ್ದಕ್ಕೂ ಬೆರಳಾಡಿಸಿದಳು, ಆಮೇಲೆ ಹಿಡಿದುಕೊಂಡಳು.

ಇಷ್ಟೇ ಕಥೆ. ಕೇಳಿ ಆಯಿತಲ್ಲ, ನಿಮ್ಮಲ್ಲೇ ಇಟ್ಟುಕೊಂಡು ಕೂರಬೇಡಿ, ಮುಂದಕ್ಕೆ ಕಳಿಸಿ. ಬಾಗಿಲು ಬಡಿದರೆ ಬೆಚ್ಚಿಬೀಳುವವರು ನಿಮ್ಮ ಮನೆಯಲ್ಲೂ ಒಬ್ಬರಿರುತ್ತಾರೆ, ಅವರಿಗೆ ಕಳಿಸಿ. ಬೆಚ್ಚಿಬೀಳಿಸುವವರು ಯಾರೆಂದು ನಿಮಗೆ ಗೊತ್ತಿರುತ್ತದೆ. ಅವರಿಗೆ ಇನ್ನೂ ಮುಂಚೆ ಕಳಿಸಿ.