ಏಳು ಕೈಗಳ ಕಟ್ಟು

ಶ್ರಮದರ್ಶಕ ಒಂದು ಊದಿನಕಡ್ಡಿಯನ್ನು ಓದಿ ಮುಗಿಸಲು ನಲವತ್ತು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಕಡ್ಡಿಯನ್ನು ಗಾಜಿನ ತೊಟ್ಟಿಯಲ್ಲಿ ಮಲಗಿಸಿದರೆ ಸಾಕು. ನೀಲಿ ಬೆಳಕಿನ ಎಳೆಯೊಂದು ಅದರ ತುದಿಯಿಂದ ಬುಡದವರೆಗೆ ಮೆಲ್ಲಗೆ ಹರಿಯುವುದು, ಒಳಗೆಲ್ಲೋ ಜೇನುನೊಣ ಸಿಕ್ಕಿಕೊಂಡಂತೆ ಸದ್ದಾಗುವುದು, ಆಮೇಲೆ ಎದುರಿನ ಪರದೆಯ ಮೇಲೆ ಅಕ್ಷರಗಳು ಮೂಡುವವು. ಕಡ್ಡಿ ಯಾವ ದೇಶದ್ದು, ಯಂತ್ರ ಮಾಡಿದ್ದೋ ಕೈ ಮಾಡಿದ್ದೋ, ಎಷ್ಟು ಹೊತ್ತು ಹಿಡಿಯಿತು, ನಿಜವಾಗಿ ಎಷ್ಟು ಬೆಲೆ ಬಾಳಬೇಕು.

ಮಾದೇವಿ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಪಕ್ಕದಲ್ಲೇ ಕುರ್ಚಿ ಇತ್ತು. ಯಾರೂ ಕೂರು ಎಂದಿರಲಿಲ್ಲ, ಆದ್ದರಿಂದ ಅವಳು ಕೂತಿರಲಿಲ್ಲ. ಹಡಗಿನಲ್ಲಿ ಬಂದ ಸರಕಿನ ಪೆಟ್ಟಿಗೆಗಳನ್ನು ರೈಲಿನಲ್ಲಿ ತಂದು ಇಳಿಸುವ, ಮೈಸೂರಿನ ಹೊರಗಿನ ಒಣಬಂದರಿನ ಸುಂಕಭವನ ಅದು. ಅವಳು ಎದೆಗೆ ಅವಚಿಕೊಂಡಿದ್ದ ಚೀಲದಲ್ಲಿ ಸಾವಿರ ಕಡ್ಡಿಗಳ ಒಂದು ಕಟ್ಟು ಇತ್ತು. ಹೊಂಗೆಮರದ ಬೀದಿಯ ನಲವತ್ತು ಮನೆಗಳ ಅನ್ನ ಆ ಕಟ್ಟಿನ ಮೇಲೆ ನಿಂತಿತ್ತು.

ಎರಡು ವರ್ಷಗಳಿಂದ ಹೊರದೇಶದ ಕಡ್ಡಿ ಹೊಳೆಯಂತೆ ಬರುತ್ತಿತ್ತು. ಯಂತ್ರ ಹೊಸೆದದ್ದು, ಒಂದರಂತೆ ಒಂದು, ಇಲ್ಲಿನ ಕಡ್ಡಿಯ ಅರ್ಧ ಬೆಲೆಗೆ. ಹೀಗೆಯೇ ಬಂದರೆ ದಸರೆಯ ಹೊತ್ತಿಗೆ ಬೀದಿಯ ಸಂಗ್ರಹ ಕೇಂದ್ರ ಮುಚ್ಚುವುದೆಂದು ಶಿವರುದ್ರು ಮೇಸ್ತ್ರಿ ಹೇಳಿದ್ದ. ಬೀದಿಯ ಹೆಂಗಸರಿಗೆ ಬಿದಿರಿನ ಕಡ್ಡಿ, ಪುಡಿ ಹಂಚುವವನೂ ಕಟ್ಟು ಎಣಿಸಿಕೊಳ್ಳುವವನೂ ಅವನೇ. ಕೇಂದ್ರ ಉಳಿಸಲು ಬೀದಿಯವರು ಹೊರದೇಶದ ಕಡ್ಡಿಯ ಮೇಲೆ ದೂರು ಕೊಟ್ಟಿದ್ದರು.

ಮಾಡಿದ ಖರ್ಚಿಗಿಂತ ಕಡಿಮೆ ಬೆಲೆಗೆ ಒಂದು ದೇಶದವರು ಇನ್ನೊಂದು ದೇಶದಲ್ಲಿ ಸರಕು ತಂದು ಸುರಿದರೆ ಅದಕ್ಕೆ ಅಗ್ಗಸುರಿ ಸುಂಕ ಬೀಳುತ್ತದೆ. ಹಿಂದಿನಿಂದ ಅವರ ಸರ್ಕಾರವೇ ನೆರವು ಕೊಟ್ಟು ಬೆಲೆ ಇಳಿಸಿದ್ದರೆ ಸರಿದೂಗಿಕೆ ಸುಂಕ ಬೀಳುತ್ತದೆ. ಯಾವ ಸರಕು ಯಾವುದರೊಳಗೆ ಬರುತ್ತದೆಂದು ತೀರ್ಮಾನಿಸಲು ಮೊದಲು ವಕೀಲರು ವರ್ಷಗಟ್ಟಲೆ ಕಾದಾಡುತ್ತಿದ್ದರು. ಊದಿನಕಡ್ಡಿಗೆ ಸುಂಕ ಹಾಕಿದರೆ ವ್ಯಾಪಾರಿಗಳು ಅದನ್ನೇ ‘ಬಿದಿರಿನ ಸೀಳು’ ಎಂದು ಬರೆಸಿ ತರುವರು. ಬಿದಿರಿಗೆ ಹಾಕಿದರೆ ಮೂರನೆಯ ದೇಶದಲ್ಲಿ ಇಳಿಸಿ, ಚೀಟಿ ಬದಲಿಸಿ, ಮತ್ತೆ ಏರಿಸುವರು. ಶ್ರಮದರ್ಶಕ ಬಂದಮೇಲೆ ಆ ಆಟ ನಿಂತಿತು. ಅದು ಚೀಟಿಯನ್ನು ಓದುತ್ತಿರಲಿಲ್ಲ, ಸರಕನ್ನೇ ಓದುತ್ತಿತ್ತು.

ಯಂತ್ರವನ್ನು ರೂಪಿಸಿದ ಡಾ. ನೀಲಾಂಬಿಕಾ ಪಾಟೀಲ ಧಾರವಾಡದ ಕಡೆಯವರು. ಐವತ್ತು ದಾಟಿದ, ತೆಳ್ಳಗಿನ, ಗಟ್ಟಿ ದನಿಯ ಹೆಂಗಸು. ಅವರು ಮಾದೇವಿಯನ್ನು ಈಗ ಕಂಡರು.

“ಯಾಕವಾ, ನಿಂತಽ ಇದ್ದೀಯಲ್ಲ? ಕೂಡು. ಹೆದರಿಕಿ ಆಗ್ಯದ ಏನು?”

“ಇಲ್ಲ ಮೇಡಂ.” ಮಾದೇವಿ ಕುರ್ಚಿಯ ಅಂಚಿನಲ್ಲಿ ಕೂತಳು. “ನಮ್ಮ ಬೀದೀಲಿ ಇದಕ್ಕೆ ಕೈ ನೋಡೋ ಮಿಷನ್ನು ಅಂತಾರೆ. ಕಣಿ ಹೇಳ್ತದಂತೆ,” ಎಂದಳು.

ನೀಲಾಂಬಿಕಾ ನಕ್ಕರು. “ಕಣಿ ಹೇಳೋರು ಮುಂದಿನದು ಹೇಳ್ತಾರ. ಇದು ಹಿಂದಿನದು ಹೇಳ್ತದ. ನೋಡು, ನೀ ಕಡ್ಡಿ ಹೊಸಿಯೂ ಮುಂದ ಹಿಟ್ಟಿನ ಮ್ಯಾಲೆ ನಿನ್ನ ಅಂಗೈ ಒತ್ತತದ. ಬೆವರಿನ ಉಪ್ಪು ಇಳೀತದ. ಎಷ್ಟು ಹೊತ್ತು, ಎಷ್ಟು ಒತ್ತು, ಎಲ್ಲಾ ಅದರೊಳಗ ಪದರ ಪದರ ಕುಂತಿರತದ. ಅದಕ್ಕ ನಾವು ಶ್ರಮಮುದ್ರೆ ಅಂತೀವಿ.”

“ಯಾರ ಕೈ ಅಂತಾನೂ ಗೊತ್ತಾಗ್ತದಾ?”

“ಹೆಸರು ಗೊತ್ತಾಗೂದಿಲ್ಲ. ಎಷ್ಟು ಕೈ ಅಂತ ಗೊತ್ತಾಗ್ತದ.”

ಮಾದೇವಿ ಚೀಲವನ್ನು ಇನ್ನಷ್ಟು ಅವಚಿಕೊಂಡಳು. ಏನೋ ಕೇಳಬೇಕೆನಿಸಿತು. ಏಳನೆಯ ತರಗತಿಗೆ ಶಾಲೆ ಬಿಟ್ಟಂದಿನಿಂದ ಅವಳಿಗೆ ದೊಡ್ಡವರ ಮುಂದೆ ಎರಡನೆಯ ಪ್ರಶ್ನೆ ಬಾಯಿಗೆ ಬರುತ್ತಿರಲಿಲ್ಲ.

ಮೊದಲು ಹೊರದೇಶದ ಕಡ್ಡಿಯನ್ನು ಮಲಗಿಸಿದರು. ಪರದೆಯ ಮೇಲೆ ಬಂತು: ಯಂತ್ರ ನಿರ್ಮಿತ, ನಿಜವೆಚ್ಚಕ್ಕಿಂತ ಬೆಲೆ ನೂರಕ್ಕೆ ಇಪ್ಪತ್ತೆರಡು ಕಡಿಮೆ, ಹೊರನೆರವು ನೂರಕ್ಕೆ ಹದಿನೆಂಟು. ನೀಲಾಂಬಿಕಾ ಮಾದೇವಿಯ ಕಡೆ ನೋಡಿ ಹುಬ್ಬೇರಿಸಿದರು. ಎರಡೂ ಸುಂಕ ಬೀಳುವ ಸರಕು. ಇನ್ನು ಉಳಿದದ್ದು ಒಂದೇ. ಇನ್ನೊಬ್ಬರ ಸರಕಿನ ಮೇಲೆ ದೂರು ಕೊಡುವವರು ತಮ್ಮ ಸರಕನ್ನೂ ಅದೇ ಬೆಳಕಿಗೆ ಒಡ್ಡಬೇಕು. ತಮ್ಮದರಲ್ಲಿ ಹೊರನೆರವು ಹೆಚ್ಚಿದ್ದರೆ ದೂರು ಬಿದ್ದುಹೋಗುತ್ತದೆ. ದೇಶದೇಶಗಳು ಒಪ್ಪಿಕೊಂಡ ನಿಯಮ ಅದು.

ಮಾದೇವಿ ಕಟ್ಟನ್ನು ಬಿಚ್ಚಿ ಕೊಟ್ಟಳು. ನೀಲಿ ಎಳೆ ಹರಿಯಿತು. ನೀಲಾಂಬಿಕಾ ಇನ್ನೊಂದು ಕಡ್ಡಿ ತೆಗೆದರು. ಇನ್ನೊಂದು. ಇಪ್ಪತ್ತು ಕಡ್ಡಿ ಆದಮೇಲೆ ಅವರ ಮುಖ ಬಿಗಿಯಿತು.

“ಇದು ಯಾರ ಕಾರ್ಡಿನ ಕಟ್ಟು?”

“ಕೆಂಪಾಜಮ್ಮಂದು.”

“ಕೆಂಪಾಜಮ್ಮ ಎಲ್ಲಿದ್ದಾಳ?”

“ನಮ್ಮವ್ವ ಅದು. ತೀರ್ಕೊಂಡು ಎಂಟು ತಿಂಗಳಾಯ್ತು ಮೇಡಂ.”

ಹೊಂಗೆಮರದ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ಕಡ್ಡಿ ಹೊಸೆಯುವ ಹೆಂಗಸು ಸತ್ತರೆ ಅವಳ ಕೆಲಸದ ಕಾರ್ಡು ಮಗಳಿಗೋ ಸೊಸೆಗೋ ಬರಬೇಕಾದರೆ ಒಂದು ವರ್ಷ ಎಣಿಕೆ ತಪ್ಪಬಾರದು. ವಾರಕ್ಕೆ ಇಪ್ಪತ್ತು ಕಟ್ಟು. ಇಬ್ಬರು ಕೂತು ಮಾಡುತ್ತಿದ್ದ ಕೆಲಸ. ಉಳಿದ ಒಬ್ಬಳ ಕೈಯಲ್ಲಿ ಆಗದು. ಅದಕ್ಕೆ ಅಕ್ಕಪಕ್ಕದ ಮನೆಯವರು ತಮ್ಮ ಎಣಿಕೆ ಮುಗಿಸಿ, ಜಗುಲಿಯ ಮೇಲೆ ಕೂತು, ಆ ಮನೆಯ ಕಟ್ಟಿಗೆ ದಿನಕ್ಕೆ ಇನ್ನೂರು ಮುನ್ನೂರು ಕಡ್ಡಿ ಹೊಸೆದು ಸೇರಿಸುವರು. ಅದಕ್ಕೆ ಕೂಲಿ ಎಂಬ ಮಾತೇ ಇಲ್ಲ. ವರ್ಷದ ಕಟ್ಟು ಎಂದು ಅದರ ಹೆಸರು. ಮಾದೇವಿಯ ಅವ್ವನೂ ತನ್ನ ಕಾಲದಲ್ಲಿ ಮೂರು ಮನೆಗಳಿಗೆ ಹಾಗೆ ಹೊಸೆದಿದ್ದಳು.

ಮಾದರಿಗೆ ಒಳ್ಳೆಯ ಕಟ್ಟು ಆರಿಸಿ ಕೊಂಡುಹೋಗು ಎಂದು ಬೀದಿಯವರು ಹೇಳಿದಾಗ ಮಾದೇವಿ ಬಹಳ ಯೋಚಿಸಿದ್ದಳು. ಬೀದಿಯ ಏಳು ಒಳ್ಳೆಯ ಕೈಗಳು ಸೇರಿದ ಕಟ್ಟಿಗಿಂತ ಚೆನ್ನಾದದ್ದು ಎಲ್ಲಿದೆ? ಸರ್ಕಾರದ ಕಡತದಲ್ಲಿ ಅವ್ವನ ಹೆಸರೂ ಒಂದು ಸಲ ಬರಲಿ ಎಂಬ ಆಸೆಯೂ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮಾದೇವಿ ಹೇಳಿದ್ದನ್ನೆಲ್ಲ ನೀಲಾಂಬಿಕಾ ಯಂತ್ರಕ್ಕೆ ಸೇರಿಸಿದ್ದರು. ಪರದೆಯ ಮೇಲೆ ಅಕ್ಷರಗಳು ನಿಂತಿದ್ದವು. ಕೈಗಳು: ಏಳು. ಕಾರ್ಡುದಾರರ ಕೈ: ಇಲ್ಲ. ಕೂಲಿ ಪಡೆದ ಕೈ: ಒಂದು. ಹೊರನೆರವು: ನೂರಕ್ಕೆ ಎಪ್ಪತ್ತೊಂಬತ್ತು.

“ಹೊರನೆರವು ಅಂದ್ರೆ ಸರ್ಕಾರದ್ದಲ್ವಾ ಮೇಡಂ? ಇವರು ನಮ್ಮ ಸುಂದ್ರಮ್ಮತ್ತೆ, ರೇಚಮ್ಮ, ಅವರೆಲ್ಲ.” ಮಾದೇವಿಗೆ ಎರಡನೆಯ ಪ್ರಶ್ನೆ ಈಗ ಬಂದಿತ್ತು. ಹೊತ್ತು ಮೀರಿತ್ತು.

“ಮೊದಲು ಸರ್ಕಾರದ್ದು ಅಂತನಽ ಬರೆದಿದ್ರು,” ನೀಲಾಂಬಿಕಾ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಆ ದೇಶದವರು ಸಂಘ, ಟ್ರಸ್ಟು, ದಾನ ಅಂತ ಬ್ಯಾರೆ ಬ್ಯಾರೆ ಹೆಸರಿಲೆ ಕೊಡಾಕ ಹತ್ತಿದರು. ಅದಕ್ಕ ನಿಯಮ ಬಿಗಿ ಮಾಡಿದರು. ಕೂಲಿ ತಗೊಳ್ಳದ ಯಾರು ಏನು ಸೇರಿಸಿದರೂ ಅದು ನೆರವು. ಆ ಸಾಲು ಬರಿಯೂವಾಗ ನಾನೂ ಅಲ್ಲೇ ಕುಂತಿದ್ದೆ. ನಿಮ್ಮ ಓಣಿ ನನ್ನ ತಲಿಯೊಳಗ ಬರಲಿಲ್ಲ.”

“ನಾವು ಒಬ್ಬರೇ ಹೊಸ್ದಿರೋ ಕಟ್ಟು ತಂದಿದ್ರೆ?”

“ಆಗ ಸೊನ್ನೆ ಬರತಿತ್ತು. ತನ್ನ ಮೈ ತಾನು ಸವೆಸಿಕೊಂಡರ ಅದು ನೆರವಲ್ಲ.”

ದೂರು ಬಿದ್ದುಹೋಯಿತು. ಆದರೆ ನೀಲಾಂಬಿಕಾ ಸುಮ್ಮನೆ ಕೂರಲಿಲ್ಲ. ಸುಂಕ ಮಂಡಳಿಯ ಮುಂದೆ ಮೂರು ದಿನ ವಾದಿಸಿ ಇನ್ನೊಂದು ಅವಕಾಶ ತಂದರು. ತೊಂಬತ್ತು ದಿನ ಕೇಂದ್ರದ ಪ್ರತಿಯೊಂದು ಕಟ್ಟನ್ನೂ ಅಲ್ಲೇ ತಂದಿಡುವ ಶ್ರಮದರ್ಶಕ ಓದಬೇಕು, ಪ್ರತಿಯೊಂದೂ ‘ಸಹಾಯರಹಿತ’ ಎಂದು ಬರಬೇಕು. ಬಂದರೆ ಹೊರದೇಶದ ಕಡ್ಡಿಗೆ ಸುಂಕ. ಅವ್ವನ ಕಾರ್ಡು ರದ್ದಾಯಿತು. ಒಂದು ಕೈಗೆ ಒಂದು ಕಾರ್ಡು, ವಾರಕ್ಕೆ ಹನ್ನೆರಡು ಕಟ್ಟು ಎಂದು ಹೊಸ ನಿಯಮ ಬಂತು. ನೀಲಾಂಬಿಕಾ ಹೇಳಿ ಮಾದೇವಿಯ ಹೆಸರಿಗೂ ಒಂದು ಕಾರ್ಡು ಮಾಡಿಸಿದರು. ಬೀದಿಯಲ್ಲಿ ಓದು ಬಲ್ಲವಳೆಂದು ಅವಳನ್ನೇ ಸಾಕ್ಷಿಯನ್ನಾಗಿಯೂ ನೇಮಿಸಿದರು. ಯಂತ್ರ ಓದಿದ ಪ್ರತಿಯೊಂದು ಕಟ್ಟಿನ ಚೀಟಿಗೂ ಅವಳ ಸಹಿ ಬೇಕು.

ಶಿವರುದ್ರು ಮೇಸ್ತ್ರಿ ಬೀದಿಯ ನಡುವೆ ನಿಂತು ಹೇಳಿದ: “ನೋಡ್ರವ್ವ, ಒಬ್ಬರ ಹಿಟ್ಟು ಇನ್ನೊಬ್ಬರು ಕಲಸಂಗಿಲ್ಲ. ಒಬ್ಬರ ಮಣೆ ಇನ್ನೊಬ್ಬರು ಮುಟ್ಟಂಗಿಲ್ಲ. ಒಣಗಾಕಿದ್ದು ಮಳೆ ಬಂದು ನೆಂದ್ರೂ ಎತ್ತಂಗಿಲ್ಲ. ಒಂದು ಕಟ್ಟಲ್ಲಿ ಎರಡನೇ ಕೈ ಸಿಕ್ತೋ, ಇಡೀ ಬೀದಿ ಎಣಿಕೆ ಸೊನ್ನೆ.”

“ನಿನ್ನ ಕೈ ಎಣಿಸೋವಾಗ ತಾಗಲ್ವಾ ಮೇಸ್ತ್ರಿ?” ಸುಂದ್ರಮ್ಮ ಕೇಳಿದಳು. ಗಂಡ ಸತ್ತು ಒಬ್ಬಳೇ ಇದ್ದ, ಬೀದಿಯಲ್ಲೆಲ್ಲ ಬಾಯಿ ದೊಡ್ಡದು ಎಂದು ಹೆಸರಾದ ಹೆಂಗಸು. “ಅಥವಾ ನೀನು ಯಾವತ್ತೂ ಕೆಲಸ ಮಾಡಿದ ಕೈ ಅಲ್ಲ ಅಂತ ಮಿಷನ್ನಿಗೆ ಗೊತ್ತಾ?”

ಎಲ್ಲರೂ ನಕ್ಕರು. ಹಾಗೆ ಬೀದಿ ಒಟ್ಟಿಗೆ ನಕ್ಕದ್ದು ಅದೇ ಕಡೆಯ ಸಲ ಎಂದು ಮಾದೇವಿಗೆ ಆಮೇಲೆ ಅನ್ನಿಸಿತು.

ಬದಲಾವಣೆ ಮೆಲ್ಲಗೆ ಬಂತು. ಮೊದಲ ವಾರ ಹೆಂಗಸರು ಜಗುಲಿಯ ಮೇಲೆ ಮಣೆಗಳನ್ನು ದೂರ ದೂರ ಇಟ್ಟುಕೊಂಡು ಕೂತರು. ಗಾಳಿಗೆ ಒಬ್ಬಳ ಪುಡಿ ಇನ್ನೊಬ್ಬಳ ಹಿಟ್ಟಿನ ಮೇಲೆ ಹಾರಿತೆಂದು ಜಗಳವಾಯಿತು. ಎರಡನೆಯ ವಾರ ಮಣೆಗಳು ಒಳಗೆ ಹೋದವು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಣೆಯ ಮೇಲೆ ಅಂಗೈ ಉಜ್ಜುವ ಸದ್ದು ಮುಚ್ಚಿದ ಬಾಗಿಲುಗಳ ಹಿಂದಿನಿಂದ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮಕ್ಕಳು ಕಂಡವರ ಮನೆಗೆ ನುಗ್ಗದಂತೆ ತಾಯಂದಿರು ಕಾದರು, ಮಗುವಿನ ಬೆರಳೂ ಕೈಯೇ. ಒಂದು ಮಧ್ಯಾಹ್ನ ಮಳೆ ಹನಿಯಿತು. ಕೆಲಸದ ಮೇಲೆ ಹೊರಗೆ ಹೋಗಿದ್ದ ರೇಚಮ್ಮನ ನಾಲ್ಕು ಮೊರದಷ್ಟು ಕಡ್ಡಿ ಅಂಗಳದಲ್ಲಿ ನೆನೆದು ಕರಗಿತು. ಮಾದೇವಿ ಕಿಟಕಿಯಲ್ಲಿ ನಿಂತು ನೋಡಿದಳು. ಎದುರಿನ ಮೂರು ಕಿಟಕಿಗಳಲ್ಲೂ ಮುಖಗಳಿದ್ದವು.

ತೊಂಬತ್ತು ದಿನ ಮುಗಿಯಿತು. ಹೊರದೇಶದ ಕಡ್ಡಿಯ ಮೇಲೆ ಎರಡೂ ಸುಂಕ ಬಿದ್ದವು. ಒಣಬಂದರಿನಲ್ಲಿ ಬಂದು ನಿಂತಿದ್ದ ಪೆಟ್ಟಿಗೆಗಳು ಬಂದ ದಾರಿಯಲ್ಲೇ ಹಿಂದಿರುಗಿದವು. ಕೇಂದ್ರ ಮುಚ್ಚಲಿಲ್ಲ, ಕೂಲಿ ಏರಿತು. ತಪಾಸಣೆ ಮಾತ್ರ ನಿಲ್ಲಲಿಲ್ಲ. ಸುಂಕ ಇರುವವರೆಗೆ ಅದೂ ಇರಬೇಕು, ಐದು ವರ್ಷ.

ಗೌರಿಹಬ್ಬ ಕಳೆದ ವಾರ ಸುಂದ್ರಮ್ಮ ನಲ್ಲಿಯ ಹತ್ತಿರ ಜಾರಿ ಬಿದ್ದಳು. ಬಲ ಮುಂಗೈ ಮುರಿಯಿತು. ಆರು ವಾರ ಪಟ್ಟಿ. ಮೂರು ವಾರ ಎಣಿಕೆ ತಪ್ಪಿದರೆ ಕಾರ್ಡು ಹೋಗುತ್ತದೆ.

ಎರಡು ವಾರ ಆಗಲೇ ಹೋಗಿದ್ದವು. ಮೂರನೆಯ ವಾರ ಮಾದೇವಿ ಅನ್ನ ಸಾರು ತೆಗೆದುಕೊಂಡು ಹೋದಾಗ ಸುಂದ್ರಮ್ಮ ನೆಲಕ್ಕೆ ಕೂತು, ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ಎಡಗೈಯಲ್ಲಿ ಹೊಸೆಯುತ್ತಿದ್ದಳು. ಹಿಟ್ಟು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಿಟ್ಟಿನಿಂದ ಬಿದಿರಿನ ಕಡ್ಡಿ ಎದ್ದುಬಂದರೆ ಮತ್ತೆ ಮೊದಲಿನಿಂದ.

“ಅನ್ನ ಇಡು ಅಲ್ಲಿ. ಅನ್ನದಾಗೆ ಕೈ ಇದ್ರೆ ಮಿಷನ್ನು ಕೇಳಲ್ಲ.”

ಮಾದೇವಿ ತಟ್ಟೆ ಇಟ್ಟಳು. ಹೋಗಲಿಲ್ಲ. “ಎಷ್ಟು ಕಟ್ಟಾಯ್ತತ್ತೆ?”

“ಮೂರು. ನಾಳೆಗೆ ಮೂರೂವರೆ ಆಗ್ಬೋದು. ಹನ್ನೆರಡು ಎಲ್ಲಿಂದ ತರ್ಲಿ?”

“ನನ್ನದು ಈ ವಾರ ಮುಗೀತು.” ಮಾದೇವಿ ಸೆರಗಿನಲ್ಲಿ ಕೈ ಒರೆಸಿಕೊಂಡು ಮಣೆಯ ಮುಂದೆ ಕೂತಳು. ಏನು ಮಾಡುತ್ತಿದ್ದೇನೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಿಟ್ಟಿನ ಮುದ್ದೆಗೆ ಕೈ ಚಾಚಿದಳು.

ಸುಂದ್ರಮ್ಮ ಕಾಲಿನಿಂದಲೇ ಮಣೆಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು.

“ಮುಟ್ಟಬ್ಯಾಡ.”

“ಅತ್ತೆ, ನಮ್ಮವ್ವನ ಕಟ್ಟಿಗೆ ನೀವು ಎಂಟು ತಿಂಗಳು—”

“ಅದಕ್ಕೇ ಹೇಳ್ತಿರೋದು. ಆವಾಗ ಏನಾಯ್ತು ಅಂತ ನೀನೇ ನೋಡಿದ್ದೀಯಲ್ಲ.” ಸುಂದ್ರಮ್ಮನ ದನಿಯಲ್ಲಿ ಕೋಪವಿರಲಿಲ್ಲ. “ನಲವತ್ತು ಮನೆ ಕಣೆ. ರೇಚಿ ಮಗಳು ಬಸುರಿ. ನನ್ನದೊಂದು ಹೋದ್ರೆ ಒಂದೇ. ಎದ್ದು ಹೋಗು. ಬಾಗಿಲು ತೆಗೆದಿಟ್ಟು ಹೋಗು, ಮುಚ್ಚಿರೋದು ಯಾರಾದ್ರೂ ನೋಡಿದ್ರೆ ನೀನು ಮಣೆಗೆ ಕೂತಿದ್ದೆ ಅಂತಾರೆ.”

ಶನಿವಾರ ಕೇಂದ್ರಕ್ಕೆ ನೀಲಾಂಬಿಕಾ ಬಂದಿದ್ದರು. ಬೇರೆ ಬೇರೆ ಊರಿನ ಸುಂಕಾಧಿಕಾರಿಗಳನ್ನು ಯಂತ್ರ ತೋರಿಸಲು ಕರೆತಂದಿದ್ದರು. ಸುಂದ್ರಮ್ಮನ ಕಟ್ಟುಗಳ ಸರದಿ ಬಂದಾಗ ನೀಲಿ ಎಳೆ ಬಹಳ ಹೊತ್ತು ಹರಿಯಿತು. ಪರದೆಯ ಮೇಲೆ ಬಂದ ಸಂಖ್ಯೆ ನೋಡಿ ಅಧಿಕಾರಿಗಳು ಮುಂದೆ ಬಾಗಿದರು. ಒಂದು ಕಡ್ಡಿಗೆ ಅಷ್ಟು ಶ್ರಮ ಅವರು ಎಲ್ಲಿಯೂ ಕಂಡಿರಲಿಲ್ಲ. ಕೈಗಳು: ಒಂದು. ಹೊರನೆರವು: ಸೊನ್ನೆ. ಹಸಿರು ದೀಪ ಹೊತ್ತಿತು.

“ಇಷ್ಟು ಶುದ್ಧ ಮುದ್ರೆ ಅಪರೂಪ,” ಎಂದು ಅವರಲ್ಲೊಬ್ಬರು ಫೋಟೋ ತೆಗೆದುಕೊಂಡರು.

ಶಿವರುದ್ರು ಮೇಸ್ತ್ರಿ ಕಟ್ಟು ಎಣಿಸಿ, “ಮೂರೂವರೆ,” ಎಂದ. ಸುಂದ್ರಮ್ಮನ ಕಡೆ ನೋಡದೆ ಕಾರ್ಡಿಗೆ ಕೈ ಚಾಚಿದ. ಅವಳು ಎಡಗೈಯಲ್ಲಿ ಕೊಟ್ಟಳು. ಬಾಯಿ ದೊಡ್ಡದು ಎಂದು ಹೆಸರಾದವಳು ಬಾಗಿಲು ದಾಟಿ ಹೋಗುವವರೆಗೂ ಏನೂ ಅನ್ನಲಿಲ್ಲ.

ನೀಲಾಂಬಿಕಾ ಪಟ್ಟಿ ಕಟ್ಟಿದ ಆ ಕೈಯನ್ನು ಆಗ ನೋಡಿದರು. ಪರದೆಯನ್ನು ನೋಡಿದರು. ಮತ್ತೆ ಬಾಗಿಲಿನ ಕಡೆ ನೋಡಿದರು.

“ಮಾದೇವಿ,” ಎಂದರು ತಗ್ಗಿದ ದನಿಯಲ್ಲಿ, “ಆಕಿಗೆ ಯಾರೂ ಏನೂ ಮಾಡಲಿಲ್ಲೇನು?”

ಮಾದೇವಿ ಮೇಜಿನ ಮೇಲಿನ ಪೆನ್ನು ತೆಗೆದುಕೊಂಡಳು. ಸುಂದ್ರಮ್ಮನ ಕಟ್ಟಿನ ಚೀಟಿ ಅವಳ ಮುಂದೆ ಬಂದಿತ್ತು. ‘ಈ ಸರಕಿಗೆ ಯಾರೂ ಯಾವ ರೀತಿಯಲ್ಲೂ ನೆರವಾಗಿಲ್ಲವೆಂದು ನಾನು ದೃಢೀಕರಿಸುತ್ತೇನೆ’ ಎಂದು ಅಚ್ಚಾಗಿತ್ತು. ಅವಳು ಅದನ್ನು ಒಂದೊಂದೇ ಪದವಾಗಿ ಪೂರ್ತಿ ಓದಿದಳು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಕೆಳಗೆ ತನ್ನ ಹೆಸರು ಬರೆದಳು.