ಯಾರೂ ಹತ್ತದ ಏಣಿ

ಬೆಳಗ್ಗೆ ನಾನು ಡೇರೆ ಮೈದಾನದ ಆಫೀಸಿನ ಬಾಗಿಲು ತೆಗೆಯುವಾಗಲೇ ಆ ಹೆಂಗಸು ಮೆಟ್ಟಿಲ ಮೇಲೆ ಕೂತಿದ್ದಳು. ಪಾರ್ಸೆಲ್ ಹಂಚುವ ತನ್ನ ಹಳೆಯ ವ್ಯಾನಿನಲ್ಲೇ ಮಂಚ ಮಾಡಿಕೊಂಡು, ರಜೆ ಕಳೆಯಲು ಹಿಂದಿನ ದಿನ ಬಂದವಳು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು.

"ಅಕ್ಕಾ, ಕ್ಯಾಪ್ಟನ್ ಡೇರೆಗೆ ನಾನೇ ಬೆಂಕಿ ಹಚ್ಚಿದ್ದು ಅಂತಿದಾರೆ. ಮಧ್ಯಾಹ್ನದೊಳಗೆ ಒಪ್ಕೊಳ್ಳದೆ ಇದ್ರೆ ಪೊಲೀಸರಿಗೆ ಹೇಳ್ತಾರಂತೆ. ಒಂದು ಕೇಸ್ ಬಿತ್ತು ಅಂದ್ರೆ ಕಂಪನಿಯವರು ನನಗೆ ಪಾರ್ಸೆಲ್ ಕೊಡೋದು ನಿಲ್ಲಿಸ್ತಾರೆ. ಮನೇಲಿ ದುಡಿಯೋಳು ನಾನೊಬ್ಬಳೇ."

"ಹಚ್ಚಿದ್ಯಾ?" ಎಂದು ಒಳಗೆ ಚಹಾ ಕುಡಿಯುತ್ತಿದ್ದ ನನ್ನ ಅಕ್ಕ ಕೇಳಿದಳು.

"ಇಲ್ಲಕ್ಕಾ."

ಅಕ್ಕ ಚಹಾದ ಲೋಟವನ್ನು ಅರ್ಧಕ್ಕೇ ಇಟ್ಟು ಚಪ್ಪಲಿ ಹುಡುಕತೊಡಗಿದಳು. "ನಡಿ ತಮ್ಮಾ" ಎಂದಳು. ನನ್ನ ಚಹಾ ಇನ್ನೂ ಸೋಸಿಯೇ ಇರಲಿಲ್ಲ.

ಕೆರೆಯ ಪಕ್ಕದ ಈ ಡೇರೆ ಮೈದಾನವನ್ನು ನೋಡಿಕೊಳ್ಳುವವರು ನಾವಿಬ್ಬರೇ. ನಲ್ಲಿ, ಬಚ್ಚಲು, ಕಸ ನನ್ನ ಪಾಲು. ಜನ ಅಕ್ಕನ ಪಾಲು. ವಿಮಾ ಕಂಪನಿಗಳ ಪರವಾಗಿ ಸುಟ್ಟ ಗಾಡಿ, ಸುಟ್ಟ ಅಂಗಡಿಗಳನ್ನು ತಪಾಸಣೆ ಮಾಡುತ್ತ ಜೀವ ತೇದವಳು ಅವಳು. ಸುಳ್ಳು ಕೇಳಿ ಕೇಳಿ ಸಾಕಾಗಿ ಇಲ್ಲಿಗೆ ಬಂದಳು. ಸುಳ್ಳು ಹೇಳುವವರಿಗೂ ರಜೆ ಬೇಕಲ್ಲ, ಅವರೂ ಇಲ್ಲಿಗೇ ಬಂದರು.

ಕ್ಯಾಪ್ಟನ್ ಅಂದರೆ ಜೀಪಿನವರ ಒಂದು ಸಂಘದ ಯಜಮಾನರು. ರಸ್ತೆಯಿಲ್ಲದ ಕಡೆ ಗಾಡಿ ಓಡಿಸುವುದು, ರಾತ್ರಿ ಜೀಪಿನ ತಲೆಯ ಮೇಲೆ ಕೂರಿಸಿದ ಡೇರೆಗೆ ಏಣಿ ಹತ್ತಿ ಮಲಗುವುದು, ಇದು ಅವರ ಹವ್ಯಾಸ. ನೆಲದ ಮೇಲೆ ಅಥವಾ ಸೀಟಿನಲ್ಲಿ ಮಲಗುವವರಿಗೆ ಸಂಘದಲ್ಲಿ ಜಾಗವಿಲ್ಲ ಎಂಬ ನಿಯಮ ಮಾಡಿದವರೂ ಕ್ಯಾಪ್ಟನ್ನೇ. ಹಿಂದಿನ ಮಧ್ಯಾಹ್ನ ಈ ಹೆಂಗಸು ಅವರ ಜೀಪುಗಳ ಸಾಲಿನಲ್ಲಿ ವ್ಯಾನ್ ನಿಲ್ಲಿಸಲು ಹೋದಾಗ ಅವರು ವ್ಯಾನಿನ ಸಣ್ಣ ಚಕ್ರ ನೋಡಿ, "ಇಲ್ಲಿ ಡೆಲಿವರಿ ಏನೂ ಇಲ್ಲಮ್ಮ" ಅಂದಿದ್ದರು. ಎಲ್ಲರೂ ನಕ್ಕರು. ಆಕೆ ಹೋಗಿ ಕೆರೆಯಂಚಿನಲ್ಲಿ ನಿಲ್ಲಿಸಿದಳು. ಸಂಜೆ ಉಳಿದವರೆಲ್ಲ ನೀರಿಗಿಳಿದಿದ್ದಾಗ ಕ್ಯಾಪ್ಟನ್ ಜೀಪಿನ ಡೇರೆ ಹೊತ್ತಿಕೊಂಡಿತು. ಆಗ ಮೈದಾನದಲ್ಲಿದ್ದವರು ಒಲೆ ಹಚ್ಚಿಕೊಂಡಿದ್ದ ಈಕೆ, ಬಚ್ಚಲಿನಲ್ಲಿದ್ದೆ ಎನ್ನುವ ಕ್ಯಾಪ್ಟನ್, ಆಫೀಸಿನಲ್ಲಿದ್ದ ನಾವು, ಇಷ್ಟೇ ಜನ.

ದಾರಿಯಲ್ಲಿ ವ್ಯಾನಿನ ಹತ್ತಿರ ಅಕ್ಕ ನಿಂತಳು. ವ್ಯಾನಿನ ತಲೆಗೆ ಕಟ್ಟಿದ ಹಗ್ಗದ ಮೇಲೆ ಹಿಂದಿನ ದಿನದ ಬಟ್ಟೆ ಹಾಗೇ ಇತ್ತು, ಅದರ ಮೇಲೆಲ್ಲ ಮಸಿಯ ಚುಕ್ಕೆ. "ಇದನ್ನ ಬಿಚ್ಚಿ ಕೊಡ್ತೀಯಾ?" ಎಂದಳು. ಆಕೆ ಚಕ್ರದ ಮೇಲೆ ಕಾಲಿಟ್ಟು ಒಂದೇ ನೆಗೆತಕ್ಕೆ ವ್ಯಾನಿನ ಮೇಲೆ ಹತ್ತಿ ಹಗ್ಗ ಬಿಚ್ಚಿದಳು. ಅದನ್ನು ನೋಡಿಯೇ ನನ್ನ ಸೊಂಟ ಹಿಡಿದುಕೊಂಡಂತಾಯಿತು.

ಜೀಪಿನ ಮೇಲೆ ಡೇರೆ ಮಡಚಿದ ಸ್ಥಿತಿಯಲ್ಲೇ ಸುಟ್ಟಿತ್ತು. ಹಿಂದಿನ ಚಕ್ರದ ಮೇಲಿನ ಮೂಲೆ ಪೂರ್ತಿ ಕರಕಲು, ಬೆಂಕಿ ಹತ್ತಿದ್ದು ಅಲ್ಲೇ. ನಾನು ಎದುರು ಬದಿಯಿಂದ ನೀರು ಹಾಯಿಸಿದ್ದೆನಾದ್ದರಿಂದ ಈ ಬದಿಯ ಚಕ್ರ, ಬಾಗಿಲಡಿಯ ಪಾವಟಿಗೆ ಒಣಗಿಯೇ ಇದ್ದವು. ದಾರಿಯ ಧೂಳು ಹಿಟ್ಟು ಜರಡಿ ಹಿಡಿದಂತೆ ಸಮನಾಗಿ ಕೂತಿತ್ತು. ಪಕ್ಕದಲ್ಲಿ ಬಿದ್ದಿದ್ದ ನೆರಳುಪರದೆಯ ಕೋಲುಗಳಲ್ಲಿ ಒಂದರ ತುದಿ ಕಪ್ಪಾಗಿತ್ತು.

"ಬೇರೆಯವರೆಲ್ಲ ಬಂದ ತಕ್ಷಣ ಡೇರೆ ಬಿಚ್ಚಿದ್ರು. ನೀವು ಬಿಚ್ಚಿರಲಿಲ್ವಾ?" ಜೀಪಿನ ಪಕ್ಕ ನಿಂತಿದ್ದ ಕ್ಯಾಪ್ಟನ್ ಅವರನ್ನು ಅಕ್ಕ ಕೇಳಿದಳು.

"ನಾನು ಎಲ್ಲರೂ ಮಲಗಿದ ಮೇಲೆ ಬಿಚ್ಚೋದು," ಎಂದರು ಕ್ಯಾಪ್ಟನ್.

"ನಾವು ಏಳೋ ಹೊತ್ತಿಗೆ ಮಡಚಿ ಇಟ್ಟಿರ್ತಾರೆ," ಎಂದರು ಸಂಘದ ಹಲ್ಲಿನ ಡಾಕ್ಟರು ಭಕ್ತಿಯಿಂದ. "ಇವತ್ತು ಬೆಳಗ್ಗೆ ಹೊಸಬರಿಗೆ ಅದನ್ನೇ ಹತ್ತಿ ತೋರಿಸೋರಿದ್ರು. ಅಷ್ಟರಲ್ಲಿ ಹೀಗಾಯ್ತು."

ಕ್ಯಾಪ್ಟನ್ ಜೀಪಿನ ಬಾಗಿಲು ತೆಗೆಯುವಾಗ ಬೀಗದ ಕೈ ಕೆಳಗೆ ಬಿತ್ತು. ನನ್ನ ಕಡೆ ನೋಡಿ, "ಸ್ವಲ್ಪ ಎತ್ತಿಕೊಡಿ" ಎಂದರು. ಎತ್ತಿಕೊಟ್ಟೆ. ಏನು ಗತ್ತಪ್ಪಾ ಇವರದು ಅಂದುಕೊಂಡೆ. ಒಳಗೆ ಹಿಂದಿನ ಸೀಟಿನ ಮೇಲೆ ಬಣ್ಣಬಣ್ಣದ ತುಂಡು ಸೇರಿಸಿ ಹೊಲಿದ ಒಂದು ಕೌದಿ ಇತ್ತು.

"ಅಬ್ಬಾ, ಇದು ಉಳೀತಾ?" ಎಂದರು ಡಾಕ್ಟರ ಪಕ್ಕದಲ್ಲಿದ್ದ ಕಾಲೇಜಿನ ಮೇಡಮ್. "ಇವರ ಹೆಂಡತಿ ಹೊಲಿದಿದ್ದು, ಪಾಪ, ಆಕೆ ಈಗಿಲ್ಲ. ಯಾವಾಗ್ಲೂ ಡೇರೆ ಒಳಗೇ ಮಡಚಿಟ್ಟಿರ್ತಾರೆ. ಸುಟ್ಟುಹೋಯ್ತು ಅಂತಲೇ ಅಂದ್ಕೊಂಡಿದ್ದೆ."

ಕ್ಯಾಪ್ಟನ್ ಜೀಪಿನ ಬಾಗಿಲು ಮುಚ್ಚಿದರು. ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಅಂದರೆ ಕೆಲಸ ಮುಗಿದಿತ್ತು. ಅಂಥ ಹೊತ್ತಿನಲ್ಲಿ ಅವಳ ಮುಖದಲ್ಲಿ ಗೆದ್ದ ಸಂತೋಷ ಇರುವುದಿಲ್ಲ, ಬಸ್ಸಿನಲ್ಲಿ ನಿಂತೇ ಬಂದವರ ಸುಸ್ತು ಇರುತ್ತದೆ.

ಮಧ್ಯಾಹ್ನ ಎಲ್ಲರನ್ನೂ ಮರದ ಕೆಳಗೆ ಸೇರಿಸಿದೆವು. ಎಲ್ಲರೂ ಮಡಚುವ ಕುರ್ಚಿಗಳಲ್ಲಿ ಕೂತರು. ಕ್ಯಾಪ್ಟನ್ ಮರಕ್ಕೆ ಒರಗಿ ನಿಂತರು. ವ್ಯಾನಿನ ಹೆಂಗಸು ದೂರದಲ್ಲಿ ಕೈಕಟ್ಟಿ ನಿಂತಿದ್ದಳು.

"ಈಕೆಯ ಒಲೆಯ ಕಿಡಿ ಹಾರಿರಬಹುದು ಅಂತ ಒಂದು ಮಾತು," ಅಕ್ಕ ಶುರುಮಾಡಿದಳು. "ಡೇರೆಯ ಮಸಿ ಈಕೆಯ ಬಟ್ಟೆ ಮೇಲೆ ಬಿದ್ದಿದೆ. ಗಾಳಿ ಡೇರೆಯಿಂದ ವ್ಯಾನಿನ ಕಡೆ ಬೀಸ್ತಿತ್ತು. ಕಿಡಿ ಗಾಳಿಗೆ ಎದುರಾಗಿ ಹಾರಲ್ಲ."

"ಹಾಗಾದ್ರೆ ಸಿಟ್ಟಿಗೆ ಬೇಕಂತಲೇ ಹಚ್ಚಿದಾಳೆ," ಎಂದರು ಡಾಕ್ಟರು.

"ಬೇಕಂತಲೇ ಹಚ್ಚಿದ್ದು ನಿಜ. ಆದರೆ ಹೇಗೆ? ಕೋಲಿನ ತುದಿಗೆ ಚಿಂದಿ ಕಟ್ಟಿ ಹೊತ್ತಿಸಿ, ನೆಲದ ಮೇಲೆ ನಿಂತು. ಚಕ್ರದ ಮೇಲಾಗಲಿ ಪಾವಟಿಗೆ ಮೇಲಾಗಲಿ ಯಾರೂ ಕಾಲಿಟ್ಟಿಲ್ಲ, ಧೂಳು ಹಾಗೇ ಇದೆ. ಈಕೆ ದಿನಾ ವ್ಯಾನಿನ ಮೇಲೆ ಹತ್ತಿ ಇಳಿಯೋಳು. ಇವಳಿಗೆ ಕೋಲು ಯಾಕೆ ಬೇಕು? ನಿಮ್ಮಲ್ಲೂ ಯಾರೇ ಆಗಿದ್ರೂ ಚಕ್ರ ಹತ್ತಿ ಕಡ್ಡಿ ಗೀರಿ ಇಳೀತಿದ್ರಿ. ಹಚ್ಚಿದವರಿಗೆ ಹತ್ತೋಕೆ ಆಗ್ತಿರಲಿಲ್ಲ."

ಕುರ್ಚಿಗಳು ಕಿರುಗುಟ್ಟಿದವು.

"ಹತ್ತೋಕೆ ಆಗದೋರು, ಬಗ್ಗಿ ಬೀಗದ ಕೈ ಎತ್ತೋಕೂ ಆಗದೋರು, ಇಷ್ಟು ಕುರ್ಚಿ ಇದ್ರೂ ನಿಂತೇ ಇರೋರು. ಅಂಥವರು ಇವತ್ತು ಬೆಳಗ್ಗೆ ಎಲ್ಲರ ಮುಂದೆ ಏಣಿ ಹತ್ತಿ ತೋರಿಸಬೇಕಿತ್ತು." ಅಕ್ಕನ ದನಿ ತಗ್ಗಿತು. "ನನ್ನ ಕೆಲಸದಲ್ಲಿ ಎಷ್ಟೋ ಬೆಂಕಿ ನೋಡಿದೀನಿ ಕ್ಯಾಪ್ಟನ್. ತಮ್ಮದಕ್ಕೆ ತಾವೇ ಹಚ್ಚೋರು ಪ್ರೀತಿಯ ಒಂದು ವಸ್ತುವನ್ನ ಮೊದಲೇ ಹೊರಗೆ ತೆಗೆದಿಟ್ಟಿರ್ತಾರೆ. ನಿಮ್ಮ ಕೈಯಲ್ಲಿ ಆ ಕೌದಿ ಸುಡೋಕಾಗಲಿಲ್ಲ."

ಕ್ಯಾಪ್ಟನ್ ಮರದಿಂದ ಬೆನ್ನು ಎತ್ತಿ ಕೆರೆಯ ಕಡೆ ತಿರುಗಿದರು.

"ಬೆನ್ನಿಗೆ ಆಪರೇಷನ್ ಆಯ್ತು," ಎಂದರು. "ಅವತ್ತಿಂದ ಸೀಟಲ್ಲೇ ಮಲಗ್ತಿದೀನಿ. ಸೀಟಲ್ಲಿ ಮಲಗಿದ್ರು ಅಂತ ಎಷ್ಟು ಜನಾನ ಓಡಿಸಿದೀನಿ ನಾನು. ಗೊತ್ತಾಗಿದ್ರೆ ನನ್ನನ್ನ ಇಟ್ಕೊಳ್ತಿದ್ರಾ ನೀವು? ಮನೇಲಿ ಯಾರೂ ಇಲ್ಲ. ನನಗಿರೋದು ನೀವೇ."

"ನಿಮ್ಮ ಬೆನ್ನು ನೋವಿಗೆ ನನ್ನ ಹೊಟ್ಟೆ ಮೇಲೆ ಹೊಡೀಬೇಕಿತ್ತಾ ಸಾರ್?" ಎಂದಳು ವ್ಯಾನಿನ ಹೆಂಗಸು. ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ಕೇಳುವುದು ಸುಲಭವಾಗುತ್ತಿತ್ತು.

"ತಪ್ಪಾಯ್ತಮ್ಮ," ಎಂದರು ಕ್ಯಾಪ್ಟನ್, ಎಲ್ಲರ ಎದುರಿಗೆ.

ಆಗ ಹಲ್ಲಿನ ಡಾಕ್ಟರು ಕೆಮ್ಮಿ, ನೆಲ ನೋಡುತ್ತ, "ನಂದೂ ಸೀಟೇ. ಮಂಡಿ ಹೋಗಿದೆ" ಎಂದರು. ಕಾಲೇಜಿನ ಮೇಡಮ್ ಮುಖ ಕೆಂಪು ಮಾಡಿಕೊಂಡು, "ನಾನೂ ನಮ್ಮ ಯಜಮಾನರೂ ಮೇಲೆ ಹತ್ತಿ ದೀಪ ಆರಿಸಿ, ನೀವೆಲ್ಲ ಮಲಗಿದ ಮೇಲೆ ಇಳೀತೀವಿ" ಎಂದರು. ಯಜಮಾನರು ತಲೆ ಆಡಿಸಿದರು. ರಾತ್ರಿಯೆಲ್ಲ ಆ ಸಂಘದ ಅರ್ಧ ಜನ ಒಬ್ಬರಿಗೊಬ್ಬರು ಹೆದರಿ ಜೀಪಿನ ಸೀಟಿನಲ್ಲಿ ಮುದುಡಿಕೊಂಡಿದ್ದರು ಎಂದು ನೆನೆದು ನನಗೆ ನಗು ಬಂತು, ಆಮೇಲೆ ಬೇಜಾರಾಯಿತು.

"ನಿನ್ನ ಮಂಚ ಎಷ್ಟು ಎತ್ತರ ಇದೆಯಮ್ಮ?" ಎಂದು ಡಾಕ್ಟರು ಮೆಲ್ಲಗೆ ಕೇಳಿದರು.

ಆಕೆ ಹೋಗಿ ವ್ಯಾನಿನ ಹಿಂದಿನ ಬಾಗಿಲು ತೆರೆದಳು. ಹಲಗೆಯ ಮಂಚ, ತೆಳು ಹಾಸಿಗೆ, ಅಡಿಯಲ್ಲಿ ಪಾತ್ರೆಯ ಡಬ್ಬ. ಒಬ್ಬೊಬ್ಬರಾಗಿ ಬಂದು ಇಣುಕಿ, ಹಾಸಿಗೆ ಒತ್ತಿ ನೋಡಿದರು. ಕ್ಯಾಪ್ಟನ್ ಎಲ್ಲರ ಹಿಂದೆ, ಬಾಗಿಲ ಚೌಕಟ್ಟು ಹಿಡಿದು ನಿಂತರು.

ಆಕೆ ಅವರ ಕಡೆ ತಿರುಗಿದಳು. "ಕೂತ್ಕೊಳ್ಳಿ," ಎಂದಳು. "ಕ್ಷಮಿಸಿದೀನಿ ಅಂತಲ್ಲ. ನೀವು ನಿಂತಿರೋದು ನೋಡೋಕಾಗ್ತಿಲ್ಲ, ಅದಕ್ಕೆ."

ಕ್ಯಾಪ್ಟನ್ ಎರಡೂ ಕೈ ಊರಿ, ನಿಧಾನಕ್ಕೆ, ಮಂಚದ ಅಂಚಿನಲ್ಲಿ ಕೂತರು. ಹಿಂದಿನ ದಿನ ಜೀಪಿನಿಂದ ಇಳಿದ ಮೇಲೆ ಅವರು ಕೂತಿದ್ದನ್ನು ನಾವು ನೋಡಿದ್ದು ಅದೇ ಮೊದಲು.