ಓಡುವ ಗಾಡಿಗೆ ಭಯವಿಲ್ಲ

ಹೊನ್ನಯ್ಯ ಬೈದಿದ್ದರೆ ಬೀರಪ್ಪ ಸಹಿಸಿಕೊಳ್ಳುತ್ತಿದ್ದ. ಎರಡು ಏಟು ಹಾಕಿದ್ದರೂ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಅವರು ಎರಡೂ ಮಾಡಲಿಲ್ಲ. ಲಾರಿಯಲ್ಲಿ ಪೇರಿಸಿದ್ದ ಇದ್ದಿಲು ಮೂಟೆಗಳ ಸಂದಿಗೆ ಕೈ ಹಾಕಿ, ಅಲ್ಲಿ ಅಡಗಿಸಿಟ್ಟಿದ್ದ ಪೆಟ್ರೋಲ್ ಡಬ್ಬಿಯನ್ನು ಮುಟ್ಟಿ ನೋಡಿ, ಕೈ ಒರೆಸಿಕೊಂಡು ತಣ್ಣಗೆ ಹೇಳಿದರು.

"ಸೋಮವಾರ ಯಜಮಾನ್ರ ಮುಂದೆ ನೀನೇ ಹೋಗಿ ಒಪ್ಕೋ ಬೀರಪ್ಪ. ನೀನು ಹೇಳ್ಲಿಲ್ಲ ಅಂದ್ರೆ ನಾನು ಹೇಳ್ತೀನಿ."

"ಉಸ್ತಾದ್ರೇ, ಜೈಲಿಗೆ ಹಾಕ್ತಾರೆ."

"ಹಾಕ್ಬಹುದು ಮಾರಾಯ. ಒಪ್ಕೊಂಡೋನಿಗೆ ಸ್ವಲ್ಪ ಕಮ್ಮಿ ಮಾಡ್ತಾರೆ, ಅದಕ್ಕೇ ನೀನೇ ಹೇಳು ಅಂದಿದ್ದು. ಡಬ್ಬಿ ಅಲ್ಲೇ ಇರ್ಲಿ. ಸೋಮವಾರ ಅದನ್ನೂ ತಗೊಂಡೇ ಹೋಗು."

ಅದು ಯುದ್ಧದ ಕಾಲ. ಪೆಟ್ರೋಲ್ ತುಪ್ಪಕ್ಕಿಂತ ದುರ್ಲಭವಾಗಿತ್ತು. ಕದ್ದು ಮಾರಿದವನನ್ನು ಸರ್ಕಾರ ಸುಮ್ಮನೆ ಬಿಡುತ್ತಿರಲಿಲ್ಲ. ಲಾರಿಗಳೆಲ್ಲ ಇದ್ದಿಲು ಗ್ಯಾಸಿನ ಮೇಲೆ ಓಡುತ್ತಿದ್ದವು. ಕ್ಯಾಬಿನ್ನಿನ ಬೆನ್ನಿಗೆ ಆಳೆತ್ತರದ ಒಂದು ಕಬ್ಬಿಣದ ಒಲೆ. ಅದರಲ್ಲಿ ಕೆಂಡವಾದ ಇದ್ದಿಲು ಬಿಡುವ ಗ್ಯಾಸು ಸೀಟಿನಡಿಯ ಕೊಳವೆಯಲ್ಲಿ ಹಾದು ಇಂಜಿನ್ನಿಗೆ ಹೋಗುತ್ತಿತ್ತು. ಗಾಡಿಯನ್ನು ಎಬ್ಬಿಸುವುದಕ್ಕೆ ಮಾತ್ರ ಒಂದಿಷ್ಟು ಪೆಟ್ರೋಲ್ ಕೊಡುತ್ತಿದ್ದರು. ಆ ಒಂದಿಷ್ಟರಲ್ಲೇ ದಿನವೂ ಚೂರುಪಾರು ಉಳಿಸಿ ಬೀರಪ್ಪ ಪೇಟೆಯಲ್ಲಿ ಮಾರುತ್ತಿದ್ದ. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಇದ್ದ ಡ್ರೈವರುಗಳೆಲ್ಲ ಮಿಲಿಟರಿಗೆ ಸೇರಿ ಹೋದ ಮೇಲೆ ಸವಳಂಗ ರಸ್ತೆಯ ಆ ಲಾರಿ ಕಂಪನಿ ತಾನೇ ಹೊಸಬರನ್ನು ಸೇರಿಸಿಕೊಂಡು ಕಲಿಸತೊಡಗಿತ್ತು. ಕಲಿಸುವ ಹಿರಿಯ ಡ್ರೈವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಬೀರಪ್ಪನ ಪಾಲಿಗೆ ಬಂದ ಉಸ್ತಾದ್ ಹೊನ್ನಯ್ಯ. ಮೊದಲು ಒಲೆಗೆ ಇದ್ದಿಲು ತುಂಬಿ ಬೂದಿ ಬಳಿಯಬೇಕು, ಕೆಂಡಕ್ಕೆ ಗಾಳಿ ಊದುವ ಫ್ಯಾನನ್ನು ಕೈ ಬೊಬ್ಬೆ ಬರುವಂತೆ ತಿರುಗಿಸಬೇಕು. ಗೇರು ಮುಟ್ಟುವ ಭಾಗ್ಯ ಆಮೇಲೆ. ಬೀರಪ್ಪ ಇದನ್ನೆಲ್ಲ ದಾಟಿ ಸ್ಟೀರಿಂಗ್‌ವರೆಗೆ ಬಂದಿದ್ದ. ಲೈಸೆನ್ಸ್ ಪರೀಕ್ಷೆ ಮುಂದಿನ ವಾರವೇ ಇತ್ತು. ಹೊಸಮನೆಯಲ್ಲಿ ಅವನ ತಾಯಿ ದುರ್ಗಮ್ಮ ಮಗ ಡ್ರೈವರಾದನೆಂದು ಬೀದಿಗೆಲ್ಲ ಹೇಳಿಯೂ ಆಗಿತ್ತು.

ಆ ರಾತ್ರಿ ಅವನಿಗೆ ಅನ್ನ ಇಳಿಯಲಿಲ್ಲ. ಜೈಲಿನ ಬಾಗಿಲು ಹೇಗಿರುತ್ತದೆಂದು ಅವನು ನೋಡಿರಲಿಲ್ಲ. ನೋಡದ್ದರಿಂದಲೇ ಅದು ಕಣ್ಣಿಗೆ ಕಟ್ಟುತ್ತಿತ್ತು. ಹೆದರಿದವನಿಗೆ ಧೈರ್ಯ ಬರುವುದಿಲ್ಲ, ಉಪಾಯ ಬರುತ್ತದೆ. ಬೆಳಗಾಗುವ ಹೊತ್ತಿಗೆ ಬೀರಪ್ಪನಿಗೂ ಒಂದು ಉಪಾಯ ಬಂದಿತ್ತು.

ಇದ್ದಿಲು ಗ್ಯಾಸಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಆಯನೂರಿನ ಹತ್ತಿರ ಹಿಂದಿನ ವರ್ಷ ಒಬ್ಬ ಡ್ರೈವರು ಕ್ಯಾಬಿನ್ನಿನಲ್ಲಿ ಮಲಗಿದವನು ಏಳಲೇ ಇಲ್ಲ. ಪೊಲೀಸರು ಪಂಚನಾಮೆ ಮಾಡಿದರು. ಕುಲುಕಾಟಕ್ಕೆ ಕೊಳವೆಯ ಜಾಯಿಂಟು ಸಡಿಲವಾಗಿತ್ತೆಂದು ಬರೆದುಕೊಂಡು ಹೋದರು. ಯಾರ ಮೇಲೂ ಕೇಸಾಗಲಿಲ್ಲ. ಅಂಥ ಜಾಯಿಂಟು ಇವರ ಲಾರಿಯಲ್ಲೂ ಇತ್ತು, ಸರಿಯಾಗಿ ಸೀಟಿನ ಹಲಗೆಯ ಕೆಳಗೆ. ಭದ್ರಾವತಿಯಲ್ಲಿ ಕಬ್ಬಿಣ ತುಂಬಿಕೊಂಡು ಬರುವಾಗ ಹೊನ್ನಯ್ಯ ಅರ್ಧ ದಾರಿಯ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ, ಬುತ್ತಿ ಉಂಡು, ಸೀಟಿನ ಮೇಲೇ ಒಂದು ನಿದ್ದೆ ತೆಗೆಯುತ್ತಿದ್ದರು. ಆಷಾಢದ ಗಾಳಿಗೆ ಎರಡೂ ಬದಿಯ ಕ್ಯಾನ್ವಾಸ್ ಪರದೆಯನ್ನು ಬಿಗಿಯಾಗಿ ಕಟ್ಟಿಕೊಳ್ಳುವುದೂ ಇತ್ತು.

ಇನ್ನು ತನ್ನ ಜೀವದ ಮಾತು. ಅದನ್ನೂ ಅವನು ಯೋಚಿಸದೆ ಬಿಟ್ಟಿರಲಿಲ್ಲ. ಉಸ್ತಾದರೇ ಮೊದಲ ದಿನ ಹೇಳಿಕೊಟ್ಟಿದ್ದರು: "ಓಡೋ ಗಾಡೀಲಿ ಭಯ ಇಲ್ಲ ಮಾರಾಯ. ಗ್ಯಾಸ್ನೆಲ್ಲ ಇಂಜಿನ್ನೇ ಎಳ್ಕೊಂಡು ಕುಡಿಯತ್ತೆ. ನಿಂತಾಗ ಹುಷಾರು. ನಿಂತ ತಕ್ಷಣ ಒಲೆ ಮೇಲಿನ ಮುಚ್ಚಳ ತೆಗೀಬೇಕು, ಇಲ್ದಿದ್ರೆ ಸಂದಿ ಸಿಕ್ಕಿದ ಕಡೆಗೆ ನುಗ್ಗತ್ತೆ." ಹಾಗಾದರೆ ಜಾಯಿಂಟನ್ನು ಮತ್ತೆ ಬಿಗಿ ಮಾಡುವ ಗೋಜೂ ಇಲ್ಲ. ಅದು ಸಡಿಲವಾಗಿಯೇ ಇರಲಿ, ಪೊಲೀಸರಿಗೆ ಅದೇ ಸಾಕ್ಷಿ. ಹಾವು ಸಾಯಬೇಕು, ಕೋಲು ಮುರಿಯಬಾರದು.

ಶನಿವಾರ ಭದ್ರಾವತಿಯಿಂದ ಹೊರಟಾಗಲೇ ಸಣ್ಣ ಮಳೆ ಹಿಡಿದಿತ್ತು. ಹುಣಸೆಮರದ ಕೆಳಗೆ ಗಾಡಿ ನಿಂತಿತು. ಉಂಡು ಹೊನ್ನಯ್ಯ ಕೈ ತೊಳೆಯಲು ಹಳ್ಳದ ಕಡೆ ಹೋದರು. ಬೀರಪ್ಪ ಸೀಟಿನ ಹಲಗೆ ಎತ್ತಿ ಸ್ಪ್ಯಾನರ್ ಹಾಕಿದ. ನಟ್ಟು ಜಗ್ಗಲಿಲ್ಲ. ಸ್ಪ್ಯಾನರು ಜಾರಿ ಕೊಳವೆಗೆ ಬಡಿದು ಟಣ್ ಎಂದಿತು, ಅವನು ಹಳ್ಳದ ಕಡೆ ತಿರುಗಿ ನೋಡಿದ. ಎರಡನೆಯ ಸಲ ನಟ್ಟು ತಿರುಗಿತು. ಹಲಗೆ ಮುಚ್ಚಿ, ಕಂಬಳಿ ಹಾಸಿ, ಕೆಳಗಿಳಿದು ನಿಂತ. ಒಲೆಯ ಮುಚ್ಚಳವನ್ನು ಮುಟ್ಟಲಿಲ್ಲ.

ಹೊನ್ನಯ್ಯ ಬಂದು ಸೀಟಿನ ಮೇಲೆ ಕಾಲು ಮಡಚಿ ಮಲಗಿದರು.

"ಮುಚ್ಚಳ ತೆಗ್ದಿದ್ಯಾ?"

"ತೆಗ್ದಿದೀನಿ ಉಸ್ತಾದ್ರೇ."

"ಪರದೆ ಕಟ್ಟಿಬಿಡು. ಎರಚಲು ಹೊಡೀತಿದೆ."

ಅವನು ಕಟ್ಟಿದ. ಒಂದೊಂದು ಗಂಟನ್ನೂ ಎರಡೆರಡು ಸಲ ಬಿಗಿದ.

ತಿರುವಿನಾಚೆ ಕರಿಯಮ್ಮನ ಕಾಫಿ ಗುಡಿಸಲು. ಅಲ್ಲಿ ಕೂತು ಹೊತ್ತು ಕಳೆಯಬೇಕು, ಅವಳ ಕಣ್ಣಿಗೆ ಬೀಳಬೇಕು. ಅದೂ ಲೆಕ್ಕದೊಳಗೇ ಇತ್ತು. ಆದರೆ ಹೊತ್ತು ಹೋಗುವುದಿಲ್ಲ ಎಂಬುದು ಲೆಕ್ಕದಲ್ಲಿರಲಿಲ್ಲ.

"ಯಾಕೋ ಬೀರಪ್ಪ, ಲೋಟ ಹಿಂಗೆ ಅಲ್ಲಾಡ್ತಿದೆ? ಜ್ವರನಾ?" ಎಂದಳು ಕರಿಯಮ್ಮ.

"ಮಳೇಲಿ ನೆಂದೆ ಕಣಮ್ಮ."

"ಹೊನ್ನಯ್ಯನೋರು ಬರ್ಲಿಲ್ವಾ? ಎಬ್ಬಿಸ್ಕೊಂಡು ಬಾ ಹೋಗು, ಬಿಸಿ ಬಿಸಿ ಕಾಫಿ ಇದೆ."

ಬೀರಪ್ಪ ಎದ್ದು ನಿಂತ. ನಿಜವಾಗಿಯೂ ಎದ್ದು ನಿಂತ. ಓಡಿಹೋಗಿ ಪರದೆ ಕಿತ್ತು, ಅವರ ಕಾಲು ಹಿಡಿದು ಎಳೆದು ಹೊರಗೆ ಹಾಕಿಬಿಡಲೇ ಎನ್ನಿಸಿತು. ಎಷ್ಟಾದರೂ ಅವನ ಕೈ ಮೇಲೆ ತಮ್ಮ ಕೈಯಿಟ್ಟು ಗೇರು ಹಾಕುವುದನ್ನು ಕಲಿಸಿದವರು. ಅಷ್ಟರಲ್ಲಿ ಸೋಮವಾರದ ನೆನಪಾಯಿತು. ಅವನು ಮತ್ತೆ ಕೂತ.

"ಸ್ವಲ್ಪ ಮಲಗ್ಲಿ ಬಿಡಮ್ಮ. ಪಾಪ, ದಣಿದಿದಾರೆ."

ಇನ್ನೂ ಎರಡು ಲೋಟ ಕಾಫಿ ಕುಡಿದ. ಕೊನೆಗೆ ತಾನೇ ಕರಿಯಮ್ಮನನ್ನು ಕರೆದ. ನಿನ್ನ ಕೈಯಾರೆ ಕಾಫಿ ಕೊಡು, ಬೈದರೆ ನಿನಗೇ ಬೈಯಲಿ ಎಂದು ನಗಲು ನೋಡಿದ. ಅವಳು ಮಳೆಗೆ ತಲೆಯ ಮೇಲೆ ಗೋಣಿ ಕೊಪ್ಪೆ ಹಾಕಿಕೊಂಡು ಲೋಟ ಹಿಡಿದು ಬಂದಳು. ಅವನು ಮೊದಲು ಒಲೆಯ ಬದಿಗೆ ಹೋಗಿ ಸುಮ್ಮನೆ ಬೂದಿ ಕೆದಕಿದ. ಪರದೆ ತೆರೆದವಳು ಅವಳೇ, ಕಿರುಚಿದವಳೂ ಅವಳೇ.

ಹೊನ್ನಯ್ಯನ ಮುಖ ಕೆಂಪಗಿತ್ತು. ಬದುಕಿದ್ದಾಗ ಆ ಮುಖಕ್ಕೆ ಅಂಥ ಕಳೆ ಇರಲಿಲ್ಲ. ಈಗ ಎದ್ದು, ಮುಚ್ಚಳ ತೆಗ್ದಿದ್ಯಾ ಎಂದು ಕೇಳಿಯೇಬಿಡುತ್ತಾರೆ ಎನ್ನಿಸಿ ಬೀರಪ್ಪ ನಿಜಕ್ಕೂ ಅತ್ತುಬಿಟ್ಟ. ಅಳುವುದಕ್ಕೆ ಅವನು ರಾತ್ರಿಯೆಲ್ಲ ಅಭ್ಯಾಸ ಮಾಡಿದ್ದು ದಂಡವಾಯಿತು.

"ಅಳ್ತಾ ನಿಂತ್ಕೋಬೇಡ್ವೋ! ಮೈ ಬಿಸಿ ಇದೆ, ಆಸ್ಪತ್ರೆಗೆ ಹೊಡಿ!" ಎಂದು ಕರಿಯಮ್ಮ ಕೂಗಿದಳು.

ಅವಳು ಹೇಳದಿದ್ದರೂ ಅವನು ಹೊರಡುವವನೇ. ಎರಡೂ ಪರದೆ ಎತ್ತಿ ಗಾಳಿಯಾಡಲು ಬಿಟ್ಟ, ಉಸ್ತಾದರನ್ನು ಸೀಟಿನ ಆಚೆ ತುದಿಗೆ ಸರಿಸಿ ಒರಗಿಸಿದ. ಒಲೆಯಲ್ಲಿ ಕೆಂಡ ಕೆಂಪಾಗಿಯೇ ಇತ್ತು, ಆದರೆ ಗ್ಯಾಸಿನ ಮೇಲೆ ಹೊರಡಬೇಕಾದರೆ ಫ್ಯಾನು ತಿರುಗಿಸುತ್ತ ನಿಲ್ಲಬೇಕು. ಗುರು ಸಾಯುತ್ತಿರುವಾಗ ಯಾವ ಶಿಷ್ಯ ಫ್ಯಾನು ತಿರುಗಿಸುತ್ತಾನೆ? ಇಲ್ಲಿಯೇ ಅವನ ಜಾಣತನದ ತುದಿ. ಮೂಟೆಗಳ ನಡುವಿನ ಕಳ್ಳ ಡಬ್ಬಿಯನ್ನು ಎಳೆದು, ಕರಿಯಮ್ಮನ ಕಣ್ಣೆದುರೇ ಟ್ಯಾಂಕಿಗೆ ಸುರಿದ. ಕದ್ದ ಮಾಲು ಉಸ್ತಾದರ ಜೀವ ಉಳಿಸಲಿಕ್ಕೇ ಖರ್ಚಾಯಿತೆಂದ ಮೇಲೆ ಯಾರು ಏನು ಕೇಳಿಯಾರು? ಇಂಜಿನ್ ಮೊದಲನೆಯ ಹ್ಯಾಂಡಲಿಗೇ ಎದ್ದಿತು.

ಕರಿಯಮ್ಮ ಮರೆಯಾದ ಕೂಡಲೇ ಪರದೆ ಇಳಿಸಿ ಕಟ್ಟಿದ. ಮಳೆಯ ನೆಪ. ಎದುರು ಬರುವ ಗಾಡಿಯವರು ಇಣುಕಿ, ಪಕ್ಕಕ್ಕೆ ವಾಲಿರುವ ಆ ಕೆಂಪು ಮುಖವನ್ನು ನೋಡಿಬಿಟ್ಟರೆ ಎಂಬುದು ನಿಜವಾದ ಹೆದರಿಕೆ. ಸ್ವಲ್ಪ ದೂರ ಹೋದ ಮೇಲೆ ಗ್ಯಾಸಿಗೆ ಬದಲಾಯಿಸುವುದು ವಾಡಿಕೆ. ಬದಲಾಯಿಸುವಾಗ ಅವನ ಕೈಯಲ್ಲಿ ಇಂಜಿನ್ ಎಷ್ಟೋ ಸಲ ನಿಂತುಹೋಗಿತ್ತು. ಈಗ ನಡುರಸ್ತೆಯಲ್ಲಿ, ಈ ಹೆಣದ ಜೊತೆ ನಿಂತರೆ? ಬೇಡ ಎಂದುಕೊಂಡ. ಪೆಟ್ರೋಲ್ ಶಿವಮೊಗ್ಗದವರೆಗೂ ಸಾಕು.

ಹೆದರಿಕೆ ಇಷ್ಟು ಮೈಗೆ ಹತ್ತುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಹಣೆಯ ಎರಡೂ ಬದಿ ಸಿಡಿಯುತ್ತಿತ್ತು. ಎದೆ ಡವಡವ ಎಂದು ಕಿವಿಯಲ್ಲಿ ಕೇಳುತ್ತಿತ್ತು. ಕ್ಲಚ್ ಒತ್ತಲು ಹೋದರೆ ಮಂಡಿ ಇತ್ತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕೊಲೆ ಮಾಡಿದವನಿಗೆ ಹೀಗೆಲ್ಲ ಆಗುವುದೇ, ಸ್ವಲ್ಪ ಹೊತ್ತು ತಡೆದುಕೊಂಡರೆ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಂತೆಯೇ ಸರಿಹೋಗತೊಡಗಿತು. ದೂರದಲ್ಲಿ ತುಂಗೆಯ ಸೇತುವೆ ಕಂಡಾಗ ಎಷ್ಟೋ ದಿನಗಳ ಮೇಲೆ ಮೊದಲ ಬಾರಿ ಅವನಿಗೆ ಯಾವ ಹೆದರಿಕೆಯೂ ಇರಲಿಲ್ಲ. ಸೋಮವಾರವಿಲ್ಲ, ಜೈಲಿಲ್ಲ. ಹಾಯಾಗಿ ನಿದ್ದೆ ಬರುತ್ತಿತ್ತು.

ಓಡುವ ಇಂಜಿನ್ ಗ್ಯಾಸನ್ನು ಎಳೆದು ಕುಡಿಯುತ್ತದೆಂದು ಉಸ್ತಾದರು ಹೇಳಿದ್ದು ಸುಳ್ಳಲ್ಲ. ಆದರೆ ಅದು ಕುಡಿಯುವುದು ಗ್ಯಾಸಿನ ಮೇಲೆ ಓಡುವಾಗ ಮಾತ್ರ. ಪೆಟ್ರೋಲಿನ ಮೇಲೆ ಓಡುವಾಗ ಕೊಳವೆಯ ಬಾಯಿ ಇಂಜಿನ್ನಿನ ಕಡೆಗೆ ಮುಚ್ಚಿರುತ್ತದೆ. ಒಲೆಯ ಪಾಲಿಗೆ ಗಾಡಿ ಹುಣಸೆಮರದ ಕೆಳಗೇ ನಿಂತ ಹಾಗೆ. ಮುಚ್ಚಳ ಹಾಕಿದ ಆ ಒಲೆ ಉರಿಯುತ್ತಲೇ ಇತ್ತು, ಅದರ ಗ್ಯಾಸಿಗೆ ಸೀಟಿನಡಿಯ ಸಡಿಲ ಜಾಯಿಂಟು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಸೇತುವೆ ಹತ್ತಿರ ಬಂದಾಗ ಬೀರಪ್ಪನ ಕಾಲು ಪೆಡಲಿನ ಮೇಲೆ ಭಾರವಾಗಿ ಕೂತಿತ್ತು, ಕಣ್ಣು ಮುಚ್ಚಿತ್ತು, ಮುಖ ಕೆಂಪಗೆ ಕಳೆಕಳೆಯಾಗಿತ್ತು.